ಸವೆದ ಸ್ವರ, ಉಳಿದ ಜೋಡಿಗಳು: ಇಂಗ್ಲಿಷ್ ಕ್ರಿಯಾವಿಶೇಷಣಗಳ ಪೂರ್ವೋತ್ತರ

ಇಂಗ್ಲಿಷ್ ಕಲಿಯುವವರನ್ನು ತಲೆಮಾರುಗಳಿಂದ ತಬ್ಬಿಬ್ಬುಗೊಳಿಸುತ್ತ ಬಂದಿರುವ ಹಾರ್ಡ್–ಹಾರ್ಡ್ಲಿ, ಲೇಟ್–ಲೇಟ್ಲಿ, ನಿಯರ್–ನಿಯರ್ಲಿ ಎಂಬ ಜೋಡಿಗಳನ್ನು ಯಾವ ವೈಯಾಕರಣನೂ ಯೋಚಿಸಿ ರೂಪಿಸಲಿಲ್ಲ. ಆ ಭಾಷೆಯ ಪದಾಂತ್ಯದಲ್ಲಿದ್ದ ಒಂದು ಹ್ರಸ್ವ ಸ್ವರ ಸವೆದುಹೋದದ್ದರ ಫಲವಾಗಿಯೇ ಅವು ಬಹುಮಟ್ಟಿಗೆ ನೆಲೆಗೊಂಡವು.

ಸುಮಾರು ಸಾವಿರ ವರ್ಷಗಳ ಹಿಂದಿನ ಪ್ರಾಚೀನ ಇಂಗ್ಲಿಷಿನಲ್ಲಿ ಗುಣವಾಚಕದ ಕೊನೆಗೆ ‘ಎ’ಕಾರ ಸೇರಿಸಿದರೆ ಕ್ರಿಯಾವಿಶೇಷಣ, ಅಂದರೆ ಕ್ರಿಯೆ ನಡೆದ ರೀತಿ, ಕಾಲ ಅಥವಾ ಪ್ರಮಾಣವನ್ನು ತಿಳಿಸುವ ಪದ, ಸಿದ್ಧವಾಗುತ್ತಿತ್ತು. ‘ಲಿಚ್’ ಎಂದು ಮುಗಿಯುವ ಗುಣವಾಚಕಗಳು ಇದೇ ಕ್ರಮದಲ್ಲಿ ‘ಲೀಚೆ’ ಎಂದಾಗುತ್ತಿದ್ದವು. ಇಂದಿನ ‘ಲಿ’ ಪ್ರತ್ಯಯದ ಮೂಲ ಅದು. 15ನೇ ಶತಮಾನ ಮುಗಿಯುವ ವೇಳೆಗೆ ಪದಾಂತ್ಯದ ‘ಎ’ಕಾರ ಉಚ್ಚಾರಣೆಯಿಂದ ಮರೆಯಾದ್ದರಿಂದ ಹಾರ್ಡ್, ಫಾಸ್ಟ್, ಸ್ಲೋ ಮುಂತಾದವುಗಳಲ್ಲಿ ಗುಣವಾಚಕಕ್ಕೂ ಕ್ರಿಯಾವಿಶೇಷಣಕ್ಕೂ ರೂಪಭೇದವೇ ಇಲ್ಲದಾಯಿತು, ಆ ಭೇದವನ್ನು ತೋರಿಸುವ ಹೊಣೆ ಕ್ರಮೇಣ ‘ಲಿ’ಯ ಮೇಲೆ ಬಿತ್ತು. ಆದರೆ ‘ಲಿ’ ಇಲ್ಲದ ಹಳೆಯ ಬೋಳು ರೂಪಗಳು ಜಾಗ ಬಿಟ್ಟುಕೊಡಲಿಲ್ಲ. ಎರಡೂ ಒಟ್ಟಿಗೆ ಉಳಿದೆಡೆ ಅರ್ಥಗಳು ಪಾಲಾದವು: ಮೊದಲು ಬಲವಾಗಿ, ಕಠಿಣವಾಗಿ ಎಂಬ ಅರ್ಥವಿದ್ದ ಹಾರ್ಡ್ಲಿ, ಪ್ರಯಾಸದಿಂದ ಎಂಬುದನ್ನು ಹಾದು, ಇಲ್ಲವೇ ಇಲ್ಲವೆಂಬಷ್ಟು ಕಡಿಮೆ ಎಂಬ ಅರ್ಥಕ್ಕೆ ಬಂದು ನಿಂತಿತು.

17ನೇ ಶತಮಾನದ ಲೇಖಕರಿಗೆ ಬೋಳು ರೂಪದ ಬಗ್ಗೆ ಸಂಕೋಚವಿರಲಿಲ್ಲ. ಸ್ಯಾಮ್ಯುಯೆಲ್ ಪೀಪ್ಸ್ ದಿನಚರಿಯಲ್ಲಿ ‘ಬಹಳ’ ಎನ್ನಬೇಕಾದಲ್ಲಿ ಮತ್ತೆ ಮತ್ತೆ ‘ಮೈಟಿ’ ಎಂದು ಬರೆಯುತ್ತಾನೆ. ಇದನ್ನು ದೋಷವೆಂದು ಎಣಿಸುವ ಪರಿಪಾಠ ಗಟ್ಟಿಯಾದದ್ದು 18ನೇ ಶತಮಾನದಲ್ಲಿ. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೋತ್ 1762ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಗುಣವಾಚಕವನ್ನು ಕ್ರಿಯಾವಿಶೇಷಣವಾಗಿ ಬಳಸುವುದು ಭಾಷೆಯ ಜಾಯಮಾನಕ್ಕೆ ಒಗ್ಗದೆಂದು ತೀರ್ಪಿತ್ತು, ಡ್ರೈಡನ್, ಸ್ವಿಫ್ಟ್, ಆಡಿಸನ್‌ರಂಥವರ ವಾಕ್ಯಗಳನ್ನೇ ತಪ್ಪಿಗೆ ಉದಾಹರಣೆಯಾಗಿ ಕೊಟ್ಟ. ಭಾಷೆಯ ಶ್ರೇಷ್ಠ ಗದ್ಯಕಾರರೇ ತಪ್ಪಿತಸ್ಥರಾಗುವ ನಿಯಮವನ್ನು ಭಾಷೆಯ ಜಾಯಮಾನವೆಂದು ಕರೆಯುವುದು ವಿಚಿತ್ರವೇ ಸರಿ. ಲೋತ್‌ನಿಂದ ಧಾರಾಳವಾಗಿ ಎರವಲು ಪಡೆದು ಲಿಂಡ್ಲಿ ಮರ‍್ರೆ ಬರೆದ 1795ರ ವ್ಯಾಕರಣ ಯಾರ್ಕ್ ನಗರದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆಂದು ಹುಟ್ಟಿದರೂ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಪಠ್ಯವಾಯಿತು.

ಭಾರತದಲ್ಲಿ ಈ ಪರಂಪರೆಯನ್ನು ಮುಂದುವರಿಸಿದ್ದು ಜೆ. ಸಿ. ನೆಸ್‌ಫೀಲ್ಡ್‌ನ ಪುಸ್ತಕಗಳು, ಆಮೇಲೆ 1930ರ ದಶಕದ ರೆನ್ ಮತ್ತು ಮಾರ್ಟಿನ್; ಕರ್ನಾಟಕದ ಪ್ರೌಢಶಾಲೆಗಳಲ್ಲಿಯೂ ‘ರೆನ್ ಅಂಡ್ ಮಾರ್ಟಿನ್’ ಎಂಬುದು ವ್ಯಾಕರಣಕ್ಕೇ ಪರ್ಯಾಯ ಹೆಸರಿನಂತಾಗಿತ್ತು. ಕನ್ನಡದಲ್ಲಿ ‘ವೇಗ’ಕ್ಕೆ ‘ಆಗಿ’ ಸೇರಿಸಿ ‘ವೇಗವಾಗಿ’ ಎನ್ನುವಾಗ ಮೂಲಪದದ ಅರ್ಥ ಕದಲುವುದಿಲ್ಲ. ಇಂಥ ರಚನೆಗೆ ಒಗ್ಗಿದ ವಿದ್ಯಾರ್ಥಿ ‘ಲಿ’ಯನ್ನೂ ಹಾಗೆಯೇ ನಂಬಿ, ಕಷ್ಟಪಟ್ಟು ದುಡಿದೆನೆಂದು ಹೇಳಲು ಹಾರ್ಡ್ಲಿ ಬಳಸಿದರೆ, ದುಡಿಯಲೇ ಇಲ್ಲವೆಂದು ಒಪ್ಪಿಕೊಂಡಂತಾಗುತ್ತದೆ, ಈಚೆಗೆ ಎಂಬರ್ಥದ ಲೇಟ್ಲಿಯನ್ನು ತಡವಾಗಿ ಎಂಬಲ್ಲಿ ಹಾಕುವುದೂ ಇದೇ ಜಾತಿಯ ತಪ್ಪು.

ನಿಯಮಗಳ ಬಿಗಿ ಮಾತ್ರ ಎಲ್ಲ ಕಡೆ ಒಂದೇ ತೆರನಾಗಿ ಉಳಿಯಲಿಲ್ಲ. ಆಶಾಭಾವದಿಂದ ಎಂಬರ್ಥದ ಹೋಪ್‌ಫುಲಿ ಪದವನ್ನು ‘ಹಾಗಾದೀತೆಂದು ಆಶಿಸೋಣ’ ಎಂಬಂತೆ ಇಡೀ ವಾಕ್ಯಕ್ಕೆ ಅನ್ವಯಿಸುವುದನ್ನು 1960ರ ದಶಕದಿಂದ ಅಮೆರಿಕದ ಶುದ್ಧಿವಾದಿಗಳು ಖಂಡಿಸುತ್ತ ಬಂದರೂ, ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಶೈಲಿಕೈಪಿಡಿ 2012ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಲೋತ್ ಅಟ್ಟಬಯಸಿದ ಬೋಳು ರೂಪಗಳಲ್ಲೊಂದು ‘ಗೋ ಸ್ಲೋ’ ಎಂಬ ಫಲಕಗಳಲ್ಲಿ, ಘಟ್ಟದ ತಿರುವುಗಳಲ್ಲಿಯೂ ಶಾಲೆಗಳ ಎದುರಿನ ರಸ್ತೆಗಳಲ್ಲಿಯೂ, ಇಂದಿಗೂ ನಿಂತಿದೆ.