ಪಟ್ಟಿಯೊಳಗಿನ ಪಟ್ಟಿ: ಒಂದು ಸಣ್ಣ ದೋಷದ ದೊಡ್ಡ ಕಥೆ

ಬೀಜಗಣಿತ ಕಲಿಸಿದವರಿಗೆಲ್ಲ ಆವರಣಗಳ ಕಥೆ ಗೊತ್ತು. ದುಂಡು ಆವರಣದ ಹೊರಗೆ ಪುಷ್ಪಾವರಣ, ಅದರ ಹೊರಗೆ ಚೌಕಾವರಣ. ಎಲ್ಲಕ್ಕಿಂತ ಒಳಗಿನದನ್ನು ಮೊದಲು ಬಿಡಿಸಿ, ಆಮೇಲೆ ಒಂದೊಂದೇ ಪದರ ಹೊರಕ್ಕೆ ಬರಬೇಕೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಪದರಗಳು ಎಷ್ಟಿದ್ದರೂ ಮಾಡುವ ಕೆಲಸ ಒಂದೇ. ಮೂರು ಪದರ ಬಿಡಿಸಬಲ್ಲ ಹುಡುಗ ಮೂವತ್ತನ್ನೂ ಬಿಡಿಸಬಲ್ಲ. ಬೇಕಾದುದು ತಾಳ್ಮೆ ಮಾತ್ರ. ನಮಗೆ ಇಷ್ಟು ಸಹಜವೆನಿಸುವ ಈ ವಿದ್ಯೆಯನ್ನು ಗಣಕಯಂತ್ರಕ್ಕೆ ಕಲಿಸುವುದು ಒಂದು ಕಾಲಕ್ಕೆ ಸುಲಭವಾಗಿರಲಿಲ್ಲ.

ಇಂದು ಪ್ರೋಗ್ರಾಮ್ ಬರೆಯುವ ಯುವಕರಿಗೆ ಇದು ಒಂದು ಸಾಲಿನ ಕೆಲಸ. ಒಂದು ಜಿಲ್ಲೆಯ ಪಟ್ಟಿಯಿದೆ ಎನ್ನೋಣ. ಅದರೊಳಗೆ ತಾಲ್ಲೂಕುಗಳ ಪಟ್ಟಿ, ತಾಲ್ಲೂಕಿನೊಳಗೆ ಶಾಲೆಗಳು, ಶಾಲೆಯೊಳಗೆ ತರಗತಿಗಳು, ತರಗತಿಯೊಳಗೆ ವಿದ್ಯಾರ್ಥಿಗಳ ಅಂಕಗಳು. ಹೀಗೆ ಒಂದರೊಳಗೊಂದು ಅಡಗಿದ ಪಟ್ಟಿಗಳನ್ನು ಅವರು ‘ಅರೇ’ ಎನ್ನುತ್ತಾರೆ. ಪ್ರತಿಯೊಂದು ಅಂಕಕ್ಕೂ 5 ಕೃಪಾಂಕ ಸೇರಿಸಬೇಕಾದರೆ, ಸೇರಿಸುವ ಕೆಲಸವನ್ನು ಒಂದು ಪುಟ್ಟ ಫಲನವಾಗಿ ಬರೆದು, ‘ಪಟ್ಟಿ ಕಂಡಲ್ಲಿ ಒಳಗೆ ಇಳಿ, ಅಂಕ ಕಂಡಲ್ಲಿ ಈ ಕೆಲಸ ಮಾಡು’ ಎಂದು ಯಂತ್ರಕ್ಕೆ ಒಪ್ಪಿಸಿಬಿಡುತ್ತಾರೆ. ಹೀಗೆ ಒಪ್ಪಿಸಿದ ಫಲನಕ್ಕೆ ‘ಕಾಲ್‌ಬ್ಯಾಕ್’ ಎಂದು ಹೆಸರು. ಒಳಗೆ ಇಳಿದಾಗಲೆಲ್ಲ ಅದೇ ವಿಧಾನವು ತನ್ನನ್ನೇ ಮತ್ತೆ ಕರೆದುಕೊಳ್ಳುವುದಕ್ಕೆ ‘ರಿಕರ್ಷನ್’ ಎಂದು ಹೆಸರು. ಈ ಒಂದು ಸಾಲಿನ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅದರ ನಡುವೆ ಒಬ್ಬ ವಿದ್ಯಾರ್ಥಿಯ ದೂರೂ ಇದೆ.

ಕಥೆ ಆರಂಭವಾಗುವುದು 1958ರ ಬೇಸಗೆಯಲ್ಲಿ, ಅಮೆರಿಕದಲ್ಲಿ. ಜಾನ್ ಮೆಕಾರ್ಥಿ ಎಂಬ ಯುವ ಗಣಿತಜ್ಞರು ಐಬಿಎಂ ಸಂಸ್ಥೆಯ ಆಹ್ವಾನದ ಮೇರೆಗೆ ಆ ಬೇಸಗೆಯನ್ನು ಅಲ್ಲಿ ಕಳೆದರು. ಎರಡು ವರ್ಷಗಳ ಹಿಂದೆ, 1956ರಲ್ಲಿ, ಡಾರ್ಟ್‌ಮತ್ ಕಾಲೇಜಿನಲ್ಲಿ ಯಂತ್ರಬುದ್ಧಿಯ ಬಗ್ಗೆ ಪ್ರಸಿದ್ಧ ಸಮ್ಮೇಳನವನ್ನು ಏರ್ಪಡಿಸಿದವರಲ್ಲಿ ಅವರೊಬ್ಬರು. ಐಬಿಎಂನಲ್ಲಿ ಅವರು ಕೈಗೆತ್ತಿಕೊಂಡ ಸಮಸ್ಯೆ ನಮ್ಮ ಪಿಯುಸಿ ವಿದ್ಯಾರ್ಥಿಗಳಿಗೂ ಪರಿಚಿತವಾದದ್ದೇ: ಬೀಜಗಣಿತದ ಉಕ್ತಿಯೊಂದನ್ನು ಕೊಟ್ಟರೆ ಯಂತ್ರವೇ ಅದರ ಅವಕಲನ ಮಾಡಬೇಕು. ಸಂಖ್ಯೆಗಳಲ್ಲಿ ಉತ್ತರ ಕೊಟ್ಟರೆ ಸಾಲದು, ಅಕ್ಷರಗಳಲ್ಲೇ ಕೊಡಬೇಕು.

ಅವಕಲನದ ನಿಯಮಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಮೊತ್ತದ ನಿಷ್ಪನ್ನವೆಂದರೆ ಅದರ ಪದಗಳ ನಿಷ್ಪನ್ನಗಳ ಮೊತ್ತ. ಆದರೆ ಆ ಪದಗಳಲ್ಲಿ ಒಂದು ಗುಣಲಬ್ಧವಾಗಿರಬಹುದು, ಗುಣಲಬ್ಧದೊಳಗೆ ಇನ್ನೊಂದು ಮೊತ್ತ ಅಡಗಿರಬಹುದು. ಅಂದರೆ ಉಕ್ತಿಯೆಂಬುದು ಪಟ್ಟಿಯೊಳಗಿನ ಪಟ್ಟಿಯೇ. ಅದನ್ನು ಬಿಡಿಸುವ ನಿಯಮವೂ ತನ್ನನ್ನೇ ತಾನು ಕರೆದುಕೊಳ್ಳುವ ನಿಯಮವೇ.

ಇಲ್ಲಿ ಮೆಕಾರ್ಥಿಯವರಿಗೆ ಎರಡು ತೊಡಕುಗಳು ಎದುರಾದವು. ಮೊದಲನೆಯದು ರಿಕರ್ಷನ್. 1957ರಲ್ಲಿ ಬಳಕೆಗೆ ಬಂದಿದ್ದ ಫೋರ್ಟ್ರಾನ್ ಭಾಷೆಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಪ್ರತಿಯೊಂದು ಉಪಪ್ರೋಗ್ರಾಮ್ ತಾನು ಮರಳಬೇಕಾದ ದಾರಿಯನ್ನು ಒಂದೇ ಒಂದು ನಿಗದಿತ ಸ್ಥಳದಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಅದು ತನ್ನನ್ನೇ ಮತ್ತೆ ಕರೆದರೆ ಹೊಸ ದಾರಿ ಹಳೆಯದರ ಮೇಲೆ ಬರೆಯಲ್ಪಟ್ಟು, ಹೊರಗೆ ಬರುವ ಹಾದಿಯೇ ಅಳಿಸಿಹೋಗುತ್ತಿತ್ತು. ಚಕ್ರವ್ಯೂಹದ ಅಭಿಮನ್ಯುವಿನಂತೆ, ಒಳಗೆ ಹೋಗಬಹುದು, ಮರಳಲಾಗದು. ಫೋರ್ಟ್ರಾನ್ ಈ ಸೌಲಭ್ಯವನ್ನು ತನ್ನ ಅಧಿಕೃತ ಮಾನಕದಲ್ಲಿ ಸೇರಿಸಿಕೊಂಡದ್ದು ಫೋರ್ಟ್ರಾನ್ 90ರಲ್ಲಿ, ಮೂರು ದಶಕಗಳ ಬಳಿಕ.

ಎರಡನೆಯದು, ಮೊತ್ತದಲ್ಲಿ ಎಷ್ಟು ಪದಗಳಿರುತ್ತವೆಯೆಂದು ಮೊದಲೇ ತಿಳಿಯದಿರುವುದು. ಇದಕ್ಕೆ ಮೆಕಾರ್ಥಿ ‘ಮ್ಯಾಪ್‌ಲಿಸ್ಟ್’ ಎಂಬ ಫಲನವನ್ನು ಕಲ್ಪಿಸಿದರು. ಅದು ಪಟ್ಟಿಯುದ್ದಕ್ಕೂ ಸಾಗುತ್ತ, ಒಪ್ಪಿಸಿದ ಕೆಲಸವನ್ನು ಮಾಡುತ್ತ, ಫಲಿತಾಂಶಗಳ ಹೊಸ ಪಟ್ಟಿಯೊಂದನ್ನು ಕಟ್ಟಿಕೊಡುತ್ತದೆ. ಇಂದಿನ ಕಾಲ್‌ಬ್ಯಾಕ್ ಪದ್ಧತಿಯ ಹಿರಿಯಜ್ಜ ಇದೇ. ಆದರೆ ಕೆಲಸವನ್ನೇ ಒಂದು ವಸ್ತುವಿನಂತೆ ಇನ್ನೊಬ್ಬರ ಕೈಗೆ ಕೊಡಬೇಕಾದರೆ ಅದನ್ನು ಬರೆಯುವ ರೀತಿಯೊಂದು ಬೇಕಲ್ಲವೇ? ಅದಕ್ಕಾಗಿ ಅವರು ತರ್ಕಶಾಸ್ತ್ರಜ್ಞ ಅಲೋಂಜೊ ಚರ್ಚ್ 1930ರ ದಶಕದಲ್ಲಿ ರೂಪಿಸಿದ್ದ ‘ಲ್ಯಾಂಬ್ಡಾ’ ಸಂಕೇತವನ್ನು ಎರವಲು ಪಡೆದರು. ಎರವಲು ತಂದದ್ದು ಬರೆಯುವ ರೀತಿಯನ್ನು ಮಾತ್ರ. ಚರ್ಚ್ ಅವರ ಗ್ರಂಥದ ಉಳಿದ ಭಾಗ ತಮಗೆ ಅರ್ಥವಾಗಿರಲಿಲ್ಲವೆಂದು ಮೆಕಾರ್ಥಿ ಮುಂದೆ ತಾವೇ ಬರೆದಿದ್ದಾರೆ. ಈ ಮಾತನ್ನು ನೆನಪಿನಲ್ಲಿಡಿ.

1958ರ ಶರತ್ಕಾಲದಲ್ಲಿ ಮೆಕಾರ್ಥಿ ಎಂಐಟಿಗೆ ಬಂದರು. ಅಲ್ಲಿ ‘ಲಿಸ್ಪ್’ ಎಂಬ ಭಾಷೆ ರೂಪುಗೊಂಡಿತು. ಅದು ಮೊದಲು ಓಡಿದ್ದು ಐಬಿಎಂ 704 ಯಂತ್ರದ ಮೇಲೆ. ಆ ಯಂತ್ರದ ಸ್ಮೃತಿಯ ಪ್ರತಿಯೊಂದು ಮನೆಯಲ್ಲಿ 36 ಬಿಟ್‌ಗಳು. ಅದರಲ್ಲಿ 15 ಬಿಟ್‌ಗಳ ಎರಡು ವಿಳಾಸಗಳು ಹಿಡಿಸುತ್ತಿದ್ದವು. ಒಂದು ವಿಳಾಸ ಪಟ್ಟಿಯ ಮೊದಲ ಅಂಶವನ್ನು ತೋರಿಸಿದರೆ, ಇನ್ನೊಂದು ಉಳಿದ ಪಟ್ಟಿಯನ್ನು ತೋರಿಸುತ್ತಿತ್ತು. ಮೊದಲ ಅಂಶವೇ ಮತ್ತೊಂದು ಪಟ್ಟಿಯಾಗಿರಲು ಅಡ್ಡಿಯಿಲ್ಲ. ಎಷ್ಟು ಆಳದ ಪಟ್ಟಿಯನ್ನಾದರೂ ಹೀಗೆ ಎರಡೆರಡು ವಿಳಾಸಗಳಿಂದಲೇ ಹೆಣೆಯಬಹುದಾಗಿತ್ತು. ಈ ಭಾಷೆಯ ತತ್ತ್ವವನ್ನು ವಿವರಿಸುವ ಮೆಕಾರ್ಥಿಯವರ ಪ್ರಬಂಧ 1960ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ‘ಇವಾಲ್’ ಎಂಬ ಫಲನವನ್ನು ಯಂತ್ರಭಾಷೆಗೆ ಇಳಿಸಿ, ಕಾಗದದ ಮೇಲಿದ್ದುದನ್ನು ಓಡುವ ಭಾಷೆಯನ್ನಾಗಿ ಮಾಡಿದವರು ಸ್ಟೀವ್ ರಸಲ್.

ಈಗ ಆ ವಿದ್ಯಾರ್ಥಿಯ ವಿಷಯ. ಜೇಮ್ಸ್ ಸ್ಲೇಗಲ್ ಎಂಬವರು ಎಂಐಟಿಯ ಸಂಶೋಧನ ವಿದ್ಯಾರ್ಥಿ, ದೃಷ್ಟಿಹೀನರು. ಗುರುಗಳು ಅವಕಲನವನ್ನು ಹಿಡಿದರೆ ಶಿಷ್ಯ ಅನುಕಲನವನ್ನು ಹಿಡಿದರು. ಕಾಲೇಜು ಮಟ್ಟದ ಅನುಕಲನದ ಲೆಕ್ಕಗಳನ್ನು ಅಕ್ಷರರೂಪದಲ್ಲೇ ಬಿಡಿಸಬಲ್ಲ ‘ಸೇಂಟ್’ ಎಂಬ ಲಿಸ್ಪ್ ಪ್ರೋಗ್ರಾಮ್ 1961ರ ಅವರ ಪಿಎಚ್.ಡಿ. ಸಾಧನೆ. ಲಿಸ್ಪ್‌ನ ಆ ಮೊದಲ ದಿನಗಳಲ್ಲಿ ಸ್ಲೇಗಲ್ ಒಂದು ಪುಟ್ಟ ಫಲನವನ್ನು ಬರೆದರು. ಪಟ್ಟಿಯೊಳಗಿನ ಪಟ್ಟಿಗಳಲ್ಲಿ, ಕೊಟ್ಟ ಲಕ್ಷಣವುಳ್ಳ ಭಾಗವೊಂದನ್ನು ಹುಡುಕುವುದು ಅದರ ಉದ್ದೇಶ. ‘ಮೊದಲು ಉಳಿದ ಪಟ್ಟಿಯಲ್ಲಿ ಹುಡುಕು, ಅಲ್ಲಿ ಸಿಗದಿದ್ದರೆ ಈ ಪಟ್ಟಿಯ ಮೊದಲ ಅಂಶದಲ್ಲಿ ಹುಡುಕು’ ಎಂಬುದು ಅದರ ತಿರುಳು. ಎರಡನೆಯ ಅರ್ಧವನ್ನು ಒಂದು ಫಲನವಾಗಿ ಕಟ್ಟಿ ಒಳಗೆ ಕಳುಹಿಸಲಾಗಿತ್ತು. ಬರೆದದ್ದರಲ್ಲಿ ತಪ್ಪಿರಲಿಲ್ಲ. ಆದರೂ ಉತ್ತರ ಸರಿ ಬರಲಿಲ್ಲ. ಸ್ಲೇಗಲ್ ದೂರು ಕೊಟ್ಟರು.

ತಪ್ಪು ಇದ್ದದ್ದು ‘ಈ’ ಎಂಬ ಒಂದಕ್ಷರದಲ್ಲಿ. ನಮ್ಮ ಶಾಲೆಗಳ ರೂಢಿಯಿಂದಲೇ ಇದನ್ನು ವಿವರಿಸಬಹುದು. ಎಂಟನೆಯ ತರಗತಿಯ ಮೇಷ್ಟರು ಒಂದು ಚೀಟಿ ಬರೆದು ಜವಾನನ ಕೈಯಲ್ಲಿ ಗ್ರಂಥಾಲಯಕ್ಕೆ ಕಳುಹಿಸುತ್ತಾರೆ: ‘ಭೂಪಟವನ್ನು ಅಲ್ಲಿ ಹುಡುಕು, ಸಿಗದಿದ್ದರೆ ಈ ಕೊಠಡಿಯ ಬೀರುವಿನಲ್ಲಿ ನೋಡು.’ ಜವಾನ ಗ್ರಂಥಾಲಯದಲ್ಲಿ ಹುಡುಕುತ್ತಾನೆ, ಭೂಪಟವಿಲ್ಲ. ಚೀಟಿಯನ್ನು ಮತ್ತೆ ಬಿಡಿಸಿ ಓದುತ್ತಾನೆ. ‘ಈ ಕೊಠಡಿ’ ಎಂದರೆ ಯಾವುದು? ಚೀಟಿ ಬರೆದ ಕೊಠಡಿಯೋ, ಚೀಟಿ ಓದುತ್ತಿರುವ ಕೊಠಡಿಯೋ? ವಿವೇಕಿಯಾದ ಜವಾನ ಎಂಟನೆಯ ತರಗತಿಗೆ ಮರಳುತ್ತಾನೆ. ಅಂದಿನ ಲಿಸ್ಪ್ ಗ್ರಂಥಾಲಯದ ಬೀರುವನ್ನೇ ತೆರೆಯುತ್ತಿತ್ತು. ಹೊರಗಿನ ಪಟ್ಟಿಗೂ ಒಳಗಿನ ಪಟ್ಟಿಗೂ ಹೆಸರು ಒಂದೇ ಇದ್ದುದರಿಂದ, ಒಳಗೆ ಇಳಿದ ಮೇಲೆ ಹೊರಗಿನದು ಮರೆತುಹೋಗಿ ಒಳಗಿನದೇ ‘ಈ ಪಟ್ಟಿ’ಯಾಗುತ್ತಿತ್ತು.

ಇಂಥ ದೋಷದ ಅಪಾಯವನ್ನು ಗಮನಿಸಬೇಕು. ಯಂತ್ರ ನಿಂತುಬಿಟ್ಟರೆ ದೋಷ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಇಲ್ಲಿ ಯಂತ್ರ ನಿಲ್ಲಬೇಕೆಂದೇನೂ ಇಲ್ಲ. ತಪ್ಪು ಬೀರುವಿನಲ್ಲಿ ಹುಡುಕಿ, ‘ಇಲ್ಲ’ ಎಂದೋ, ಬೇರೊಂದನ್ನು ತಂದುಕೊಟ್ಟೋ, ಮುಂದಕ್ಕೆ ಸಾಗಬಹುದು. ಪಟ್ಟಿ ಒಂದೇ ಪದರದ್ದಾಗಿದ್ದರೆ ಉತ್ತರ ಸರಿಯಾಗಿಯೂ ಇರಬಹುದು. ಆಳಕ್ಕೆ ಇಳಿದಾಗ ಮಾತ್ರ ಕಾಣಿಸಿಕೊಳ್ಳುವ ತಪ್ಪು ಇದು.

ಮೆಕಾರ್ಥಿ ಇದನ್ನು ಮೊದಲಿಗೆ ಒಂದು ಸಾಮಾನ್ಯ ದೋಷವೆಂದೇ ಭಾವಿಸಿದರು. ರಸಲ್ ಬೇಗನೆ ಸರಿಪಡಿಸುತ್ತಾರೆಂದು ಭರವಸೆ ಕೊಟ್ಟರು. ರಸಲ್ ಸರಿಪಡಿಸಿದ್ದೂ ನಿಜ. ಆದರೆ ಅದು ತೇಪೆ ಹಾಕುವ ಕೆಲಸವಾಗಿರದೆ ಒಂದು ಹೊಸ ಆವಿಷ್ಕಾರವೇ ಆಯಿತು. ‘ಫನ್‌ಆರ್ಗ್’ ಎಂಬ ಆ ಉಪಾಯದಲ್ಲಿ, ಒಳಗೆ ಕಳುಹಿಸುವ ಫಲನದ ಜೊತೆಗೆ ಅದು ಹುಟ್ಟಿದ ಸ್ಥಳದ ಹೆಸರುಗಳನ್ನೂ ಅವುಗಳ ಬೆಲೆಗಳನ್ನೂ ಗಂಟುಕಟ್ಟಿ ಕಳುಹಿಸಲಾಗುತ್ತಿತ್ತು. ಚೀಟಿಯ ಮೇಲೆ ‘ಎಂಟನೆಯ ತರಗತಿಯಿಂದ’ ಎಂಬ ಮುದ್ರೆ ಒತ್ತಿದಂತೆ. 1964ರಲ್ಲಿ ಪೀಟರ್ ಲ್ಯಾಂಡಿನ್ ಎಂಬ ಬ್ರಿಟಿಷ್ ವಿಜ್ಞಾನಿ ಇಂಥ ಗಂಟಿಗೆ ‘ಕ್ಲೋಷರ್’ ಎಂದು ಹೆಸರಿಟ್ಟರು. ಚರ್ಚ್ ಅವರ ಲ್ಯಾಂಬ್ಡಾ ಶಾಸ್ತ್ರದಲ್ಲಿ, ಹೆಸರಿನ ಅರ್ಥ ಅದು ಬರೆಯಲ್ಪಟ್ಟ ಜಾಗಕ್ಕೇ ಸೇರಿದ್ದು ಎಂಬ ನಿಯಮ ಮೊದಲಿನಿಂದಲೂ ಇತ್ತು. ಓದದೆ ಬಿಟ್ಟ ಪುಟಗಳ ವಿಷಯ ಹೀಗೆ ಶಿಷ್ಯನ ದೂರಿನ ರೂಪದಲ್ಲಿ ಬಾಗಿಲು ತಟ್ಟಿತು.

ಉಪಾಯ ತಿಳಿದ ಮಾತ್ರಕ್ಕೆ ಲೋಕ ಅದನ್ನು ಒಪ್ಪಲಿಲ್ಲ. ಗಂಟು ಕಟ್ಟಲು ಸ್ಮೃತಿ ಬೇಕು, ಕಾಲ ಬೇಕು. ಹತ್ತಿರದ ಬೀರು ತೆರೆಯುವುದೇ ಯಂತ್ರಕ್ಕೆ ಸುಲಭವಾಗಿದ್ದುದರಿಂದ ಲಿಸ್ಪ್‌ನ ಹಲವು ಪ್ರಭೇದಗಳು ಹಳೆಯ ದಾರಿಯಲ್ಲೇ ನಡೆದವು. 1975ರಲ್ಲಿ ಎಂಐಟಿಯ ಜೆರಾಲ್ಡ್ ಸಸ್‌ಮನ್ ಮತ್ತು ಗೈ ಸ್ಟೀಲ್ ‘ಸ್ಕೀಮ್’ ಎಂಬ ಪುಟ್ಟ ಭಾಷೆಯನ್ನು ರಚಿಸಿ, ಹೆಸರಿನ ಅರ್ಥ ಬರೆದ ಜಾಗದ್ದೇ ಎಂಬ ನಿಯಮವನ್ನು ಅದರ ಬುನಾದಿಯನ್ನಾಗಿ ಮಾಡಿದರು. 1984ರ ‘ಕಾಮನ್ ಲಿಸ್ಪ್’ ಕೂಡ ಅದನ್ನೇ ಸಾಮಾನ್ಯ ನಿಯಮವಾಗಿ ಅಂಗೀಕರಿಸಿತು. 1995ರಲ್ಲಿ ಬ್ರೆಂಡನ್ ಐಕ್ ರಚಿಸಿದ ಜಾವಾಸ್ಕ್ರಿಪ್ಟ್ ಸ್ಕೀಮ್‌ನಿಂದ ಸ್ಫೂರ್ತಿ ಪಡೆದ ಭಾಷೆ. ಅಂತರಜಾಲದ ಪುಟಗಳೊಳಗೆ ಈ ನಿಯಮ ಪ್ರವೇಶಿಸಿದ್ದು ಹಾಗೆ.

ಅಂತರಜಾಲದ ಇನ್ನೊಂದು ಜನಪ್ರಿಯ ಭಾಷೆಯಾದ ಪಿಎಚ್‌ಪಿ ಇದೇ ಪಾಠವನ್ನು ಬೇರೊಂದು ದಾರಿಯಲ್ಲಿ ಕಲಿಯಿತು. 2004ರಲ್ಲಿ ಬಂದ ಅದರ ಐದನೆಯ ಆವೃತ್ತಿಯಲ್ಲಿ ‘ಅರೇ ವಾಕ್ ರಿಕರ್ಸಿವ್’ ಎಂಬ ಸಿದ್ಧ ಫಲನವಿತ್ತು. ಅದು ಒಳಪಟ್ಟಿಗಳಿಗೆಲ್ಲ ತಾನೇ ಇಳಿದು, ಪಟ್ಟಿಯಲ್ಲದ ಕೊನೆಯ ಅಂಶಗಳ ಮೇಲೆ ಮಾತ್ರ ಕಾಲ್‌ಬ್ಯಾಕನ್ನು ಪ್ರಯೋಗಿಸುತ್ತದೆ. ಆ ಕಾಲಕ್ಕೆ ಕಾಲ್‌ಬ್ಯಾಕನ್ನು ಸಾಮಾನ್ಯವಾಗಿ ಅದರ ಹೆಸರು ಹೇಳಿ ಕಳುಹಿಸುತ್ತಿದ್ದರು. ಹೆಸರಷ್ಟೇ ಹೋಗುತ್ತಿತ್ತು, ಹುಟ್ಟೂರಿನ ನೆನಪು ಹೋಗುತ್ತಿರಲಿಲ್ಲ. ಹೊರಗಿನ ವಿಷಯವೇನಾದರೂ ಬೇಕಿದ್ದರೆ ಬುತ್ತಿಯಂತೆ ಬೇರೆಯಾಗಿ ಕಟ್ಟಿಕೊಡಬೇಕಿತ್ತು. 2009ರ 5.3ನೆಯ ಆವೃತ್ತಿಯಲ್ಲಿ ಕ್ಲೋಷರ್ ಬಂದಿತು. ಆದರೂ ಯಾವ ಯಾವ ಹೆಸರುಗಳನ್ನು ಜೊತೆಗೆ ಒಯ್ಯಬೇಕೆಂದು ಬಾಯಿಬಿಟ್ಟು ಹೇಳಬೇಕಾಗಿತ್ತು. 2019ರ 7.4ನೆಯ ಆವೃತ್ತಿಯ ಕಿರುರೂಪದ ಫಲನಗಳಲ್ಲಿ ಹಾಗೆ ಹೇಳುವ ಅಗತ್ಯವೂ ಉಳಿಯಲಿಲ್ಲ.

ಮೆಕಾರ್ಥಿ 2011ರಲ್ಲಿ ತೀರಿಕೊಂಡರು. ಲಿಸ್ಪ್‌ನ ಇತಿಹಾಸವನ್ನು 1978ರಲ್ಲಿ ಒಂದು ಸಮ್ಮೇಳನಕ್ಕಾಗಿ ಬರೆಯುವಾಗ ಅವರು ಸ್ಲೇಗಲ್ ಅವರ ಫಲನವನ್ನು ಹೆಸರು ಸಮೇತ ಉಲ್ಲೇಖಿಸಿ, ತಾವು ಅದನ್ನು ಹಗುರವಾಗಿ ಎಣಿಸಿದ್ದನ್ನೂ ಮುಚ್ಚಿಡದೆ ಬರೆದರು. ದೊಡ್ಡವರ ದೊಡ್ಡತನ ಇಂಥಲ್ಲಿ ಕಾಣುತ್ತದೆ. ‘ಲೆಕ್ಕ ಸರಿ ಮಾಡಿದ್ದೇನೆ, ಉತ್ತರ ಮಾತ್ರ ಬರುತ್ತಿಲ್ಲ’ ಎಂದು ಶಿಷ್ಯನೊಬ್ಬ ಎದ್ದು ನಿಂತಾಗ, ‘ನಿನ್ನದೇ ತಪ್ಪಿರಬೇಕು, ಕೂತುಕೋ’ ಎನ್ನುವುದು ನಮ್ಮ ವೃತ್ತಿಯಲ್ಲಿ ಬಹು ಸುಲಭ. ಎಂಐಟಿಯಲ್ಲಿ ಅಂದು ಯಾರೂ ಹಾಗೆನ್ನಲಿಲ್ಲ. ಶಿಷ್ಯನ ಲೆಕ್ಕವನ್ನು ನಂಬಿ ಭಾಷೆಯನ್ನೇ ತಿದ್ದಿದರು. ಇಂದು ಒಂದು ಸಾಲು ಬರೆದು ನೂರು ಪದರಗಳ ಆಳಕ್ಕೆ ಕೆಲಸವೊಂದನ್ನು ಕಳುಹಿಸುವ ಹುಡುಗ ಹುಡುಗಿಯರಿಗೆ ಸ್ಲೇಗಲ್ ಎಂಬ ಹೆಸರು ಗೊತ್ತಿರಲಾರದು. ಅವರು ಕಳುಹಿಸಿದ ಕೆಲಸ ತಾನು ಎಲ್ಲಿಂದ ಹೊರಟೆನೆಂಬುದನ್ನು ಮರೆಯದೆ ಹಿಂದಿರುಗುತ್ತಿರುವುದರ ಹಿಂದೆ ಆ ದೂರು ಇದೆ.