ಗಾಡಿ ನಂದು, ಪರ್ಮಿಟ್ ಸೇಠಂದು

ಬೆಂಗಳೂರು, ಮೈಸೂರು ಕಡೆಯ ನೆಂಟರು ಸಿಕ್ಕಾಗ "ನೀವು ಹೊರನಾಡಿಗೆ ಹೋಗಿ ಎಷ್ಟು ವರ್ಷವಾಯ್ತು?" ಎಂದು ಕೇಳುತ್ತಾರೆ. ಬ್ಯಾಂಕಿನ ನೌಕರಿ ಹಿಡಿದು ನಾನು ಹೈದರಾಬಾದಿಗೆ ಬಂದದ್ದು 1984ರಲ್ಲಿ, ಅದನ್ನೇ ಹೇಳುತ್ತೇನೆ. ಆದರೆ ಭಾಲ್ಕಿ ತಾಲೂಕಿನ ನಮ್ಮ ಅಜ್ಜನಿಗೆ ಈ ಪ್ರಶ್ನೆ ಅರ್ಥವೇ ಆಗುತ್ತಿರಲಿಲ್ಲ. ಅವರ ಪಾಲಿಗೆ ಹೈದರಾಬಾದು ಹೊರನಾಡಲ್ಲ, ರಾಜಧಾನಿ. ಕೋರ್ಟು, ಕಚೇರಿ, ದೊಡ್ಡ ದವಾಖಾನೆ, ಮದುವೆಯ ಜವಳಿ ಎಲ್ಲಕ್ಕೂ ಇಲ್ಲಿಗೇ ಬರಬೇಕು. 1956ರ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಕನ್ನಡಿಗರು ಒಂದಾದರು, ಸಂತೋಷವೇ. ಆ ಗಡಿಯ ರುಚಿ ನಿಜವಾಗಿ ಗೊತ್ತಾದದ್ದು ಮಾತ್ರ ಲಾರಿಯವರಿಗೆ. ರೈಲಿನಲ್ಲಿ ಬರುವ ಪ್ರಯಾಣಿಕನಿಗೆ ರಾಜ್ಯ ಬದಲಾದದ್ದು ಬೋರ್ಡಿನ ಅಕ್ಷರ ನೋಡಿದರೆ ತಾನೇ ತಿಳಿಯುವುದು?

ನಕ್ಷೆ ತೆಗೆದು ನೋಡಿ. 1956ರ ಅಕ್ಟೋಬರಿನಲ್ಲಿ ಉದಗೀರ, ಬೀದರ, ಜಹೀರಾಬಾದು ಮೂರೂ ಒಂದೇ ಬೀದರ ಜಿಲ್ಲೆಯ ಊರುಗಳು. ಮುಂದಿನ ತಿಂಗಳು ಉದಗೀರ ಮುಂಬಯಿ ರಾಜ್ಯದಲ್ಲಿ, ಬೀದರ ಮೈಸೂರಿನಲ್ಲಿ, ಜಹೀರಾಬಾದು ಆಂಧ್ರಪ್ರದೇಶದಲ್ಲಿ. ಬೀದರದಿಂದ ಜಹೀರಾಬಾದಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್, ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ಕೂಡ ಆಂಧ್ರಕ್ಕೆ ಹೋದವು. ಬೆಳಿಗ್ಗೆ ಹೊರಟು ಸಂಜೆಗೆ ತಿರುಗಿ ಬರುವ ಬಾಡಿಗೆ ರಾತ್ರೋರಾತ್ರಿ ಅಂತರರಾಜ್ಯ ಬಾಡಿಗೆಯಾಯಿತು.

ಆದರೆ ಏನಾಯ್ತು ಎನ್ನುವವರಿಗೆ ಆಗಿನ ಕಾನೂನು ಸ್ವಲ್ಪ ಹೇಳಬೇಕು. 1939ರ ಮೋಟಾರು ವಾಹನ ಕಾಯಿದೆ ಬ್ರಿಟಿಷರ ಕಾಲದ್ದು. ರಸ್ತೆಯ ಸಾರಿಗೆಯಿಂದ ರೈಲಿಗೆ ನಷ್ಟವಾಗುತ್ತಿದೆ ಎಂಬ ಕೂಗು ಅದಕ್ಕೂ ಮೊದಲೇ ಎದ್ದಿತ್ತು. ಅದನ್ನು ನೋಡಲು ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳನ್ನು ನೇಮಿಸಿದ್ದರು. ಕಾಯಿದೆಯಲ್ಲಿ ಲಾರಿಗೆ ಲೈಸೆನ್ಸು, ರಿಜಿಸ್ಟ್ರೇಶನ್ನು ಸಾಲದು, ಬಾಡಿಗೆಗೆ ಓಡಿಸಲು ಪಬ್ಲಿಕ್ ಕ್ಯಾರಿಯರ್ ಪರ್ಮಿಟ್ ಬೇಕು ಎಂದಾಯಿತು. ಅದನ್ನು ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಜನರ ಬಾಯಲ್ಲಿ ಆರ್‌ಟಿಎ. ನಿಮ್ಮ ಲಾರಿ ಸಾರ್ವಜನಿಕರಿಗೆ ಬೇಕೇ ಬೇಡವೇ ಎಂದು ತೀರ್ಮಾನಿಸುವ ಹಕ್ಕು ಆ ಪ್ರಾಧಿಕಾರದ್ದು. ಒಂದು ಪ್ರದೇಶದ ಪರ್ಮಿಟ್ಟು ಇನ್ನೊಂದರಲ್ಲಿ ನಡೆಯಬೇಕಾದರೆ ಅಲ್ಲಿಯವರ ಕೌಂಟರ್ ಸಿಗ್ನೇಚರ್, ಅಂದರೆ ಮೇಲುರುಜು ಬೇಕು. ಬೇರೆ ರಾಜ್ಯವಾದರೆ ಎರಡು ಸರಕಾರಗಳು ಕೂತು, ನಿಮ್ಮ ಇಷ್ಟು ಲಾರಿ ನಮ್ಮಲ್ಲಿ, ನಮ್ಮ ಇಷ್ಟು ಲಾರಿ ನಿಮ್ಮಲ್ಲಿ ಎಂದು ಒಪ್ಪಂದ ಮಾಡಿಕೊಳ್ಳಬೇಕು. ಆ ಲೆಕ್ಕ ತುಂಬಿದರೆ ಹೊಸಬನಿಗೆ ಜಾಗವಿಲ್ಲ.

ನಿಜಾಮರ ರಾಜ್ಯದಲ್ಲಿ ಈ ರೈಲು-ರಸ್ತೆ ಜಗಳ ಇನ್ನೊಂದು ಬಗೆಯಲ್ಲಿ ಬಗೆಹರಿದಿತ್ತು. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯೇ 27 ಬಸ್ಸು, 166 ನೌಕರರೊಂದಿಗೆ ರಸ್ತೆ ಸಾರಿಗೆ ಇಲಾಖೆ ತೆರೆಯಿತು. ರೈಲಿನ ಯಜಮಾನನೇ ಬಸ್ಸಿನ ಯಜಮಾನ. ಅದು ಬಸ್ಸಿನ ಕಥೆ, ಇಲ್ಲಿಗೆ ಸಾಕು.

1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯವರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಹಳೆಯ ಪರ್ಮಿಟ್ಟು ಯಾವ ಯಾವ ಪ್ರದೇಶಕ್ಕೆ ಇತ್ತೋ, ರಾಜ್ಯ ಬದಲಾದರೂ ಅಲ್ಲೆಲ್ಲ ನಡೆಯುತ್ತದೆ, ಮತ್ತೆ ಮೇಲುರುಜು ಬೇಡ ಎಂದು ಬರೆದರು. ಇದರಿಂದ ಹಳಬರು ಬದುಕಿಕೊಂಡರು. ಆದರೆ ಇದೇ ಕಾರಣಕ್ಕೆ ಹಳೆಯ ಪರ್ಮಿಟ್ಟಿಗೆ ಚಿನ್ನದ ಬೆಲೆ ಬಂತು. ಅವಧಿ ಮುಗಿದಾಗ ರಿನ್ಯೂವಲ್‌ಗೆ ಮೊದಲ ಮನ್ನಣೆ ಹಳಬನಿಗೇ. ಹೊಸದಾಗಿ ಲಾರಿ ಕೊಂಡ ಹುಮ್ನಾಬಾದಿನ ಹುಡುಗ ಹೈದರಾಬಾದಿಗೆ ತೊಗರಿಬೇಳೆ ತರಬೇಕಾದರೆ ಪ್ರತಿ ಸಲ ತಾತ್ಕಾಲಿಕ ಪರ್ಮಿಟ್ಟು ಮಾಡಿಸಬೇಕು, ಇಲ್ಲವೇ ಪರ್ಮಿಟ್ ಇದ್ದ ಸೇಠನ ಬಾಗಿಲಿಗೆ ಹೋಗಬೇಕು.

ಆ ಬಾಗಿಲಿಗೆ ಹೋದವರೊಬ್ಬರನ್ನು ನಾನು ಬಲ್ಲೆ. ಹೆಸರು ಬೇಡ. ಹುಮ್ನಾಬಾದಿನವರು, ನನಗಿಂತ ಹದಿನೈದು ವರ್ಷ ದೊಡ್ಡವರು. 1986ರಲ್ಲಿ ಅಫ್ಜಲ್‌ಗಂಜ್ ಹತ್ತಿರದ ನಮ್ಮ ಶಾಖೆಗೆ ಬಂದರು. ಕೌಂಟರಿನಲ್ಲಿ ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದಿತ್ತು. "ಸಾಹೇಬ್ರೆ, ನಮ್ಮ ಕಡಿಯವರೇನ್ರಿ?" ಎಂದು ಶುರುಮಾಡಿ, ಸಾಲ ಸಿಗುತ್ತದೇನು ಎಂದು ಕೇಳಿದರು. ಗಾಡಿ ಯಾರದು ಎಂದೆ.

"ಗಾಡಿ ನಂದು ಖರೆ ಸಾಹೇಬ್ರೆ. ಪರ್ಮಿಟ್ ಸೇಠಂದು."

"ಆರ್‌ಸಿ ಬುಕ್ ಯಾರ ಹೆಸರಲ್ಲಿದೆ ಅಣ್ಣಾ?"

"ಅದೂ ಸೇಠಂದು."

ನಾನು ಎಂ.ಕಾಂ. ಓದಿದವನು, ಆಸ್ತಿ ಅಂದರೇನು ಎಂಬುದನ್ನು ಎರಡು ವರ್ಷ ಬಾಯಿಪಾಠ ಮಾಡಿದ್ದೆ. ಇದು ಯಾವ ವ್ಯಾಖ್ಯೆಯಲ್ಲೂ ಕೂರಲಿಲ್ಲ. ಆದರೆ ಕಾನೂನಿನ ಪ್ರಕಾರ ಇದು ಹೀಗೇ ಆಗಬೇಕಿತ್ತು. ಪರ್ಮಿಟ್ಟನ್ನು ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಪರ್ಮಿಟ್ ಯಾರ ಹೆಸರಲ್ಲೋ ಗಾಡಿಯೂ ಅವರ ಹೆಸರಲ್ಲೇ ಇರಬೇಕು. ಹಾಗಾಗಿ ಡ್ರೈವರ್ ತಾನು ಕೂಡಿಸಿದ ದುಡ್ಡು ಕೊಟ್ಟು, ಹೆಂಡತಿಯ ಒಡವೆ ಮಾರಿ ತಂದ ಸೆಕೆಂಡ್ ಹ್ಯಾಂಡ್ ಟಾಟಾ ಲಾರಿ, ಕಾಗದದಲ್ಲಿ ಸೇಠನ ಲಾರಿ. ಟೈರು ಇವರದು, ಡೀಸೆಲ್ ಇವರದು, ಇಂಜಿನ್ ಕೆಲಸ ಇವರದು. ಪರ್ಮಿಟ್ಟಿಗೆಂದು ತಿಂಗಳಿಗೆ ಕೊಡುತ್ತಿದ್ದ ಬಾಡಿಗೆ ಅವರ ಕ್ಲೀನರನ ಸಂಬಳಕ್ಕಿಂತ ಹೆಚ್ಚು.

ಸರಕಾರಕ್ಕೆ ಇಂಥವರ ಬಗ್ಗೆ ಕನಿಕರ ಇರಲಿಲ್ಲ ಎನ್ನಲಾಗದು. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಆದ್ಯತಾ ವಲಯದ ಸಾಲ ಎಂಬ ಮಾತು ಬಂತು. ರೈತರು, ಸಣ್ಣ ಕೈಗಾರಿಕೆಯ ಜೊತೆಗೆ ಸಣ್ಣ ಸಾರಿಗೆಯವರನ್ನೂ ಅದರಲ್ಲಿ ಸೇರಿಸಿದರು. ಒಟ್ಟು ಸಾಲದಲ್ಲಿ ಶೇಕಡಾ 40 ಆದ್ಯತಾ ವಲಯಕ್ಕೆ ಹೋಗಬೇಕು, ಅದೂ 1985ರೊಳಗೆ ಎಂದು ಗುರಿ ಇಟ್ಟಿದ್ದರು. ನಮ್ಮ ಮೇಲಿನವರು "ಎಸ್‌ಆರ್‌ಟಿಓ ಸಾಲ ಎಷ್ಟು ಕೊಟ್ಟಿರಿ?" ಎಂದು ಪ್ರತಿ ತ್ರೈಮಾಸಿಕಕ್ಕೆ ಕೇಳುತ್ತಿದ್ದರು. ದುಡ್ಡಿತ್ತು, ಸ್ಕೀಮಿತ್ತು. ಆದರೆ ಬ್ಯಾಂಕು ಕೇಳುವ ಮೊದಲ ಕಾಗದವೇ ಪರ್ಮಿಟ್ಟು. ಪರ್ಮಿಟ್ಟಿಲ್ಲದ ಲಾರಿ ಶೆಡ್ಡಿನಲ್ಲಿ ನಿಂತರೆ ಕಂತು ಎಲ್ಲಿಂದ ಬರಬೇಕು? ಆ ಕಡೆ ಖೈರತಾಬಾದಿನ ಸಾರಿಗೆ ಕಚೇರಿಗೆ ಹೋದರೆ, ಮೊದಲು ಗಾಡಿ ತೋರಿಸು ಎನ್ನುತ್ತಾರೆ. ಎರಡರ ನಡುವೆ ಓಡಾಡುವುದಕ್ಕೆ ಏಜೆಂಟ್ ಬೇಕು. ಏಜೆಂಟನಿಗೂ ಹೊಟ್ಟೆಯಿದೆಯಲ್ಲ.

1988ರಲ್ಲಿ ಸೇಠು ತೀರಿಕೊಂಡರು. ಆರ್‌ಸಿ ಪ್ರಕಾರ ಲಾರಿ ಅವರ ಮಕ್ಕಳಿಗೆ ಬಂತು. ಒಂದು ಬಿಳಿ ಹಾಳೆಯ ಮೇಲೂ ಇವರ ಹೆಸರಿಲ್ಲ. ಬಾಯಿಮಾತಿನ ವ್ಯವಹಾರ ಎಲ್ಲರಿಗೂ ಗೊತ್ತು, ಒಸ್ಮಾನ್‌ಗಂಜಿನ ಹಮಾಲಿಗಳೂ ಸಾಕ್ಷಿ ಹೇಳುತ್ತಿದ್ದರು. ಆದರೆ ಕೋರ್ಟಿಗೆ ಹೋದರೆ, ಇವರು ಕಾನೂನು ತಪ್ಪಿಸಿ ಗಾಡಿ ಓಡಿಸಿದರು ಎಂಬುದೇ ಮೊದಲು ಸಾಬೀತಾಗುತ್ತಿತ್ತು. ಹಿರಿಯರು ಕೂಡಿ ಮಾತಾಡಿದರು. ಮಕ್ಕಳು ಪೂರ್ತಿ ಕೆಟ್ಟವರಲ್ಲ, ಲಾರಿ ಇಟ್ಟುಕೊಂಡು ಅದರ ಬೆಲೆಯ ಅರ್ಧದಷ್ಟು ದುಡ್ಡು ಕೊಟ್ಟರು. ಹನ್ನೊಂದು ವರ್ಷದ ದುಡಿಮೆಗೆ ಅರ್ಧ ಲಾರಿ. ಅವರು ಮತ್ತೆ ಸಂಬಳದ ಡ್ರೈವರ್ ಆದರು. ಆ ದುಡ್ಡನ್ನು ನಮ್ಮಲ್ಲೇ ಎಫ್‌ಡಿ ಇಟ್ಟರು, ಅದು ಅವರ ಜಾಣತನ.

ಈ ಗೋಡೆಯಲ್ಲಿ ಕಿಟಕಿಗಳಿರಲಿಲ್ಲ ಎಂದಲ್ಲ. ಮೀನೂ ಮಸಾನಿಯವರ ಅಧ್ಯಕ್ಷತೆಯ ಸಮಿತಿ ರಸ್ತೆ ಸಾರಿಗೆಯ ಬಗ್ಗೆ 1959ರಷ್ಟು ಹಿಂದೆಯೇ ವರದಿ ಕೊಟ್ಟಿತ್ತು. ಆಮೇಲೆ ದಕ್ಷಿಣ ವಲಯದ ಪರ್ಮಿಟ್ಟು, 1975ರಲ್ಲಿ ನ್ಯಾಷನಲ್ ಪರ್ಮಿಟ್ ಬಂದವು. ಆದರೆ ಅವಕ್ಕೂ ರಾಜ್ಯವಾರು ಕೋಟಾ. ಕೋಟಾ ಇದ್ದಲ್ಲಿ ಒಂದು ಲಾರಿಯವನ ಸರದಿ ಯಾವಾಗ ಬಂದೀತು? ಗೋಡೆ ಬಿದ್ದದ್ದು 1988ರ ಹೊಸ ಮೋಟಾರು ವಾಹನ ಕಾಯಿದೆಯಿಂದ. ಅದು ಜಾರಿಗೆ ಬಂದ ದಿನ 1989ರ ಜುಲೈ 1. ಅದರ 80ನೇ ಕಲಮಿನಲ್ಲಿ ಒಂದು ಸಣ್ಣ ಮಾತಿದೆ: ಪ್ರಾಧಿಕಾರ ಸಾಮಾನ್ಯವಾಗಿ ಪರ್ಮಿಟ್ಟಿನ ಅರ್ಜಿಯನ್ನು ನಿರಾಕರಿಸಬಾರದು. ಐವತ್ತು ವರ್ಷ ಬೇಡುವವನ ಮೇಲಿದ್ದ ಭಾರ ಅಂದು ಕೊಡುವವರ ಮೇಲೆ ಬಿತ್ತು. ಹಳೆಯ ಬಸ್ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು, ಹೊಸಬರಿಗೆಲ್ಲ ಕೊಟ್ಟರೆ ನಮ್ಮ ಗತಿಯೇನು ಎಂದು. 1991ರಲ್ಲಿ ಮಿಥಿಲೇಶ್ ಗರ್ಗ್ ಮೊಕದ್ದಮೆಯಲ್ಲಿ ಕೋರ್ಟು ಅವರ ವಾದ ಒಪ್ಪಲಿಲ್ಲ. 1991 ಅಂದರೆ ಎಲ್ಲರಿಗೂ ಮನಮೋಹನ ಸಿಂಗರ ಬಜೆಟ್ ನೆನಪಾಗುತ್ತದೆ. ಲಾರಿಯವರ ಉದಾರೀಕರಣ ಅದಕ್ಕೂ ಎರಡು ವರ್ಷ ಮೊದಲೇ ಆಗಿಹೋಗಿತ್ತು, ಯಾರೂ ಗಮನಿಸಲಿಲ್ಲ.

ಅಮೆರಿಕದಲ್ಲೂ ಇದೇ ಕಥೆ ಎಂದು ಆಮೇಲೆ ಓದಿದೆ. ಅಲ್ಲಿ 1935ರಲ್ಲಿ ಲಾರಿಯವರಿಗೆ ಕಟ್ಟು ಹಾಕಿದರು, 1980ರಲ್ಲಿ ಸಡಿಲಿಸಿದರು. ಇಂದಿಗೂ ಅಲ್ಲಿನ ಸ್ವಂತ ಲಾರಿಯ ಡ್ರೈವರುಗಳಲ್ಲಿ ಎರಡು ಜಾತಿ: ದೊಡ್ಡ ಕಂಪನಿಯ ಅಧಿಕಾರಪತ್ರದ ಅಡಿಯಲ್ಲಿ ಓಡಿಸುವವರು, ತಮ್ಮದೇ ಅಧಿಕಾರಪತ್ರ ಮಾಡಿಸಿಕೊಂಡವರು. ಒಂದು ವ್ಯತ್ಯಾಸವೆಂದರೆ ಅಲ್ಲಿ ಕಂಪನಿಯ ಜೊತೆ ಕರಾರು ಬರವಣಿಗೆಯಲ್ಲಿರುತ್ತದೆ.

ನಮ್ಮ ಹುಮ್ನಾಬಾದಿನವರ ಸಾಲ 1990ರಲ್ಲಿ ಮಂಜೂರಾಯಿತು. ಲಾರಿಯ ಬೆಲೆಯ ಕಾಲು ಭಾಗ ಅವರ ಮಾರ್ಜಿನ್, ಆ ಎಫ್‌ಡಿ ಮುರಿದದ್ದು. ಗೂಡ್ಸ್ ಪರ್ಮಿಟ್ ಅವರ ಹೆಸರಿಗೆ, ಆರ್‌ಸಿ ಅವರ ಹೆಸರಿಗೆ, ಅದರಲ್ಲಿ ನಮ್ಮ ಬ್ಯಾಂಕಿಗೆ ಹೈಪಾಥಿಕೇಶನ್ ಎಂದು ಒಂದು ಮುದ್ರೆ. ಆಮೇಲೆ ನ್ಯಾಷನಲ್ ಪರ್ಮಿಟ್ ಮಾಡಿಸಿದರು. ಸ್ವಂತ ರಾಜ್ಯ ಸೇರಿ ಕನಿಷ್ಠ ನಾಲ್ಕು ರಾಜ್ಯ ಬೇಕಿತ್ತು: ಆಂಧ್ರ, ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು ಬರೆಸಿದರು. ಹೊರಗಿನ ಒಂದೊಂದು ರಾಜ್ಯದ ತೆರಿಗೆಗೂ ಒಂದೊಂದು ಡಿಮ್ಯಾಂಡ್ ಡ್ರಾಫ್ಟು. ಬೆಂಗಳೂರಿಗೊಂದು, ಬೊಂಬಾಯಿಗೊಂದು, ಮದ್ರಾಸಿಗೊಂದು ನಾನೇ ಸಹಿ ಹಾಕಿ ಕೊಟ್ಟೆ. ನಿಯಮದಂತೆ ಲಾರಿಗೆ ಒಣಗಿದ ಎಲೆಯ ಕಂದು ಬಣ್ಣ, ಬಿಳಿ ಅಂಚು, ಎರಡೂ ಬದಿಗೆ ವೃತ್ತದೊಳಗೆ ನ್ಯಾಷನಲ್ ಪರ್ಮಿಟ್ ಎಂಬ ದಪ್ಪ ಅಕ್ಷರ. ಬ್ಯಾಂಕಿನ ಹೆಸರನ್ನೂ ಬಾಡಿಯ ಮೇಲೆ ಬರೆಸಬೇಕಿತ್ತು. "ಸೇಠನ ಹೆಸರ್ ಹೋಗಿ ನಿಮ್ಮ ಹೆಸರ್ ಬಂತಲ್ರಿ ಸಾಹೇಬ್ರೆ" ಎಂದು ನಕ್ಕರು. ನಗುವ ಮಾತೇ, ಆದರೆ ಐದು ವರ್ಷದಲ್ಲಿ ಅಳಿಸಿಹೋಗುವ ಹೆಸರು ಅದು.

ಮುಂದೆ ಎಲ್ಲ ಸುಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಪರ್ಮಿಟ್ ಸಲೀಸಾದ ಮೇಲೆ ಲಾರಿಗಳು ಹೆಚ್ಚಿದವು, ಲೋಡಿಗಾಗಿ ರಾಣಿಗಂಜಿನಲ್ಲಿ, ಆಟೋನಗರದಲ್ಲಿ ಎರಡು ಮೂರು ದಿನ ಕಾಯುವ ಪಾಳಿ ಬಂತು. ಪರ್ಮಿಟ್ ಸೇಠನ ಜಾಗಕ್ಕೆ ಲೋಡ್ ಕೊಡಿಸುವ ಬ್ರೋಕರ್ ಬಂದ. ಹಳೆಯ ಪರ್ಮಿಟ್ಟಿಗೆ ಗುಡ್‌ವಿಲ್ ಕೊಟ್ಟು ಕೊಂಡವರ ದುಡ್ಡು ಮುಳುಗಿತು, ಅಂಥ ಕೆಲವು ಖಾತೆಗಳು ನಮ್ಮಲ್ಲೂ ಓವರ್‌ಡ್ಯೂ ಆದವು. ಜಹೀರಾಬಾದಿನಾಚೆ ಚಿರಾಗಪಲ್ಲಿಯ ಚೆಕ್‌ಪೋಸ್ಟಿನಲ್ಲಿ ಸಾಲು ನಿಲ್ಲುವುದು ತಪ್ಪಲಿಲ್ಲ. ನನ್ನ ಲೆಕ್ಕದಲ್ಲಿ ಆದರೂ ಲಾಭವೇ. ಬ್ರೋಕರನಿಗೆ ಕಮಿಷನ್ ಕೊಡಬಹುದು, ಅವನು ಸತ್ತರೆ ಲಾರಿ ಅವನ ಮಕ್ಕಳಿಗೆ ಹೋಗುವುದಿಲ್ಲ.

ಆಮೇಲಿನ ಬದಲಾವಣೆಗಳು ಬೇಗ ಬೇಗ ಬಂದವು. 2010ರ ಮೇ ತಿಂಗಳಿಂದ ವರ್ಷಕ್ಕೆ 15,000 ರೂಪಾಯಿ ಒಂದೇ ಕಡೆ ಕಟ್ಟಿದರೆ ಇಡೀ ದೇಶಕ್ಕೆ ಪರ್ಮಿಟ್ಟು, ಡ್ರಾಫ್ಟುಗಳ ಕಾಲ ಮುಗಿಯಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳು ಎದ್ದುಹೋದವು. ನಡುವೆ 2014ರ ಜೂನ್ 2ರಂದು ತೆಲಂಗಾಣ ಬೇರೆಯಾಯಿತು. ಹೈದರಾಬಾದಿನಿಂದ ಕರ್ನೂಲಿಗೆ ಹೋಗುವ ಲಾರಿಯವರು ಈಗ ನಮ್ಮ ಬೀದರದವರು 1956ರಲ್ಲಿ ಕೇಳಿದ ಪ್ರಶ್ನೆಗಳನ್ನೇ ಕೇಳತೊಡಗಿದರು: ನಿನ್ನೆಯವರೆಗೆ ನಮ್ಮದೇ ಆದ ಊರಿಗೆ ಇವತ್ತು ಯಾವ ತೆರಿಗೆ, ಯಾವ ಮೇಲುರುಜು? ಆ ಸಲವೂ ಕಾಯಿದೆಯಲ್ಲಿ ಹಳೆಯ ಪರ್ಮಿಟ್ಟು ಮುಂದುವರಿಯುತ್ತದೆ ಎಂಬ ಕಲಮು ಇತ್ತು.

ಹುಮ್ನಾಬಾದಿನವರು ಈಗ ಲಾರಿ ಮಾರಿ ಕಾಟೇದಾನ್ ಹತ್ತಿರ ಮಗನ ಮನೆಯಲ್ಲಿದ್ದಾರೆ. ಮಗ ಬೇಗಂ ಬಜಾರಿನಿಂದ ಊರೊಳಗೆ ಕಿರಾಣಿ ಸಾಮಾನು ಹೊರುವ ಸಣ್ಣ ಗಾಡಿ ಇಟ್ಟಿದ್ದಾನೆ. ಸಾಮಾನು ಸೇರಿ ಒಟ್ಟು ತೂಕ 3,000 ಕಿಲೋ ಒಳಗಿನ ಗಾಡಿಗೆ ಪರ್ಮಿಟ್ಟೇ ಬೇಕಿಲ್ಲ. ಅಪ್ಪ ಪರ್ಮಿಟ್ಟಿನ ಕಥೆ ತೆಗೆದರೆ ಅವನು ಎದ್ದು ಗಾಡಿ ತೊಳೆಯಲು ಹೋಗುತ್ತಾನಂತೆ. ಕಂತಿನ ತಾರೀಖು ಕೇಳಿದರೆ ಮಾತ್ರ ಥಟ್ಟನೆ ಹೇಳುತ್ತಾನೆ.