ಭಾವಿಕೇರಿಯ ಮನೆದಾರಿಗಳು ಮತ್ತು ಮಣ್ಣುಗೆಲಸದ ಯಂತ್ರಗಳು

ಉತ್ತರ ಕನ್ನಡ ಜಿಲ್ಲೆಯ ಮಾರ್ಗಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಘಟ್ಟದ ದಾರಿಗಳನ್ನೂ ಬಂದರುಗಳನ್ನೂ ಕುರಿತೇ ಬರೆದಿದ್ದಾರೆ. ಅದು ಅಸಹಜವೇನೂ ಅಲ್ಲ. ಹತ್ತಿಯ ಗಾಡಿಗಳು ಓಡಾಡಿದ ದಾರಿಗೆ ಸರಕಾರದ ಕಾಗದಪತ್ರಗಳ ಆಧಾರವುಂಟು. ಊರ ರಸ್ತೆಯಿಂದ ಒಂದು ಮನೆಯ ಅಂಗಳದವರೆಗೆ ಹೋಗುವ ನೂರು ಮಾರು ದಾರಿಗೆ ಅಂಥ ಆಧಾರ ದೊರೆಯುವುದು ಕಷ್ಟ. ಅದನ್ನು ತೆಗೆದವನು ಮನೆಯ ಯಜಮಾನ. ವರ್ಷವರ್ಷವೂ ಸರಿಪಡಿಸಿದವರು ಮನೆಮಂದಿ. ಕೆಡಿಸುತ್ತ ಬಂದುದು ಮಳೆ. ಪ್ರಕೃತ ಲೇಖನದಲ್ಲಿ ಅಂಕೋಲೆ ತಾಲ್ಲೂಕಿನ ಭಾವಿಕೇರಿಯನ್ನು ಕಣ್ಣ ಮುಂದಿರಿಸಿಕೊಂಡು, ಇಂಥ ದಾರಿಯನ್ನೂ ಹಿತ್ತಿಲನ್ನೂ ಸಮಮಾಡಲು ಜನರು ಯಾವ ಕಾಲದಲ್ಲಿ ಯಾವ ಸಾಧನವನ್ನು ಹಿಡಿದರು, ಆ ಆಯ್ಕೆಯನ್ನು ವಾಸ್ತವವಾಗಿ ನಿರ್ಧರಿಸಿದುದು ಯಾವುದು ಎಂಬುದನ್ನು ನಾವು ವಿಚಾರಿಸಬಯಸುತ್ತೇವೆ.

ಮೊದಲು ನೆಲದ ಮಾತು. ಭಾವಿಕೇರಿಯು ಅಂಕೋಲೆ ಪಟ್ಟಣಕ್ಕೂ ಬೇಲೆಕೇರಿ ಬಂದರಿಗೂ ಸಮೀಪವಾದ ಊರು. ಕರಾವಳಿಯ ಈ ಭಾಗದಲ್ಲಿ ಗುಡ್ಡದ ಓರೆ, ಹಕ್ಕಲು, ಗದ್ದೆ, ಉಪ್ಪುನೀರು ಏರಿಳಿಯುವ ಗಜನಿ ಇವೆಲ್ಲ ಸ್ವಲ್ಪ ಸ್ವಲ್ಪ ಅಂತರದಲ್ಲಿಯೇ ಬರುತ್ತವೆ. ಎತ್ತರದ ನೆಲವೆಲ್ಲ ಚಿರೇಕಲ್ಲಿನದು. ೧೮೦೧ರಲ್ಲಿ ಅಂಕೋಲೆಯ ಮಾರ್ಗವಾಗಿ ಹೋದ ಫ್ರಾನ್ಸಿಸ್ ಬುಕಾನನ್ನನು ಈ ಕಲ್ಲಿಗೆ ವಿದ್ವತ್ ಪ್ರಪಂಚದಲ್ಲಿ ಇಂದು ರೂಢವಾಗಿರುವ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು. ೧೮೦೭ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿ ಆ ಹೆಸರು ಮೊದಲು ಕಾಣಿಸಿತು. ನೆಲದೊಳಗಿರುವಾಗ ಕಬ್ಬಿಣದ ಆಯುಧಕ್ಕೆ ಸುಲಭವಾಗಿ ಬಗ್ಗುವ ಈ ಕಲ್ಲು ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುವುದನ್ನು ಅವನು ಗುರುತಿಸಿದ್ದನು. ಆದರೆ ಮೇಲಿನ ಗಟ್ಟಿ ಪದರದ ಅಡಿಯಲ್ಲಿ ಅನೇಕ ಕಡೆಗಳಲ್ಲಿ ಬಿಳಿಯ ಅಥವಾ ಕೆಂಬಿಳುಪಿನ ಶೇಡಿಮಣ್ಣು ಇರುತ್ತದೆ. ಒಣಗಿದಾಗ ಗೋಡೆಯಂತೆ ನಿಲ್ಲುವ ಈ ಮಣ್ಣು ನೀರು ಕುಡಿದರೆ ಜಾರಿ ಹರಿಯುತ್ತದೆ. ಮುಂದಿನ ವಿವೇಚನೆಗೆ ಈ ಎರಡು ಪದರಗಳ ಭೇದವೇ ಮುಖ್ಯವಾದುದು.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದವರೆಗೂ ಕರಾವಳಿಯಲ್ಲಿ ಗಾಡಿಯ ಬಳಕೆ ವಿರಳವಾಗಿತ್ತು. ಸರಕು ಹೇರೆತ್ತುಗಳ ಮೇಲೆ, ಆಳುಗಳ ತಲೆಯ ಮೇಲೆ, ದೋಣಿಗಳಲ್ಲಿ ಸಾಗುತ್ತಿತ್ತು. ಹೀಗಿರಲು ಮನೆದಾರಿಯೆಂದರೆ ಎರಡು ಪಾಗಾರಗಳ ನಡುವಿನ ಓಣಿ, ಗದ್ದೆಯ ಹಾಳಿ, ಇಲ್ಲವೆ ಗುಡ್ಡದ ಓರೆಯಲ್ಲಿ ಚಿರೇಕಲ್ಲನ್ನೇ ಕಡಿದು ಮಾಡಿದ ನಾಲ್ಕಾರು ಮೆಟ್ಟಿಲು. ತಲೆಹೊರೆಯವನು ಸರಿಯಾಗಿ ಹೆಜ್ಜೆಯಿಡುವಷ್ಟು ಅಗಲವಿದ್ದರೆ ಸಾಕಾಗಿತ್ತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ ೧೮೬೧ರಿಂದ ೧೮೬೫ರವರೆಗೆ, ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಕಾರವಾರ ಬಂದರಿಗೆ ಘಟ್ಟದ ಮೇಲಿನಿಂದ ಗಾಡಿರಸ್ತೆಗಳು ಇಳಿದವು. ೧೮೬೯ರ ಮುಂಬಯಿ ಲೋಕಲ್ ಫಂಡ್ ಕಾನೂನಿನ ಮೇರೆಗೆ ಭೂಕಂದಾಯದ ಪ್ರತಿಯೊಂದು ರೂಪಾಯಿಗೆ ಒಂದಾಣೆ ಪಟ್ಟಿ ಕೂಡಿಸಿ, ಅದನ್ನು ರಸ್ತೆ ಶಾಲೆ ಮುಂತಾದವುಗಳಿಗೆ ವಿನಿಯೋಗಿಸುವ ಕ್ರಮ ಬಂದಿತು. ರೈತನ ಒಂದಾಣೆಯು ಊರ ರಸ್ತೆಯ ತನಕ ಬರುತ್ತಿತ್ತು, ಅವನ ಮನೆಯ ಬಾಗಿಲಿಗೆ ಬರುತ್ತಿರಲಿಲ್ಲ.

ಸರಕಾರಿ ರಸ್ತೆಗೂ ಮನೆದಾರಿಗೂ ಸಾಧನಗಳ ವ್ಯತ್ಯಾಸ ಆಗಲೇ ಆರಂಭವಾಯಿತು. ಉಗಿಯಂತ್ರದ ರೋಲರನ್ನು ಕಲ್ಕತ್ತೆಯ ನಗರಸಭೆಗಾಗಿ ಇಂಜಿನಿಯರ್ ವಿಲಿಯಂ ಕ್ಲಾರ್ಕನು ಯೋಜಿಸಿದುದು ೧೮೬೩ರಲ್ಲಿ. ಹೆದ್ದಾರಿಗಳ ಜಲ್ಲಿಯನ್ನು ಒತ್ತುವ ಕೆಲಸ ಕ್ರಮೇಣ ಅಂಥ ಯಂತ್ರಗಳ ಪಾಲಾಯಿತು. ಮನೆದಾರಿಯ ಉಪಕರಣಗಳಾದರೋ ಗುದ್ದಲಿ, ಪಿಕಾಸಿ, ಹಾರೆ, ಬುಟ್ಟಿ, ದಮ್ಮಸು, ನೆಲ ಬಡಿಯುವ ಮರದ ಹಲಗೆ ಇವಿಷ್ಟೇ. ಮಳೆಗಾಲ ಕಳೆದು ಮಣ್ಣಿನಲ್ಲಿ ಇನ್ನೂ ಸ್ವಲ್ಪ ಹಸಿಯಿರುವಾಗ ಅಂಗಳದ ಹುಲ್ಲು ಕೆತ್ತಿ, ಕೊರೆದುಹೋದ ಕಡೆ ಮಣ್ಣು ಹಾಕಿ, ನೀರು ಚಿಮುಕಿಸಿ, ಬಡಿದು, ಸಗಣಿ ಸಾರಿಸುತ್ತಿದ್ದರು. ದೊಡ್ಡ ಕೆಲಸವಿದ್ದರೆ ಮುಯ್ಯಾಳುಗಳ ಸಹಾಯವಿತ್ತು. ಈ ದುಡಿಮೆಯ ಒಳವಿಭಜನೆಯನ್ನು ಗಮನಿಸಬೇಕು. ಕಡಿಯುವುದು ಬಹು ಶ್ರಮದ ಕೆಲಸವಾದುದರಿಂದ ಜನರು ಆದಷ್ಟು ಕಡಿಮೆ ಕಡಿಯುತ್ತಿದ್ದರು. ಗುಡ್ಡವನ್ನು ತೆಗೆಯುವ ಬದಲು ದಾರಿಯನ್ನೇ ಬಳಸಿ ಒಯ್ಯುತ್ತಿದ್ದರು. ಬಡಿಯುವುದು ಹೆಂಗಸರು ಮಕ್ಕಳೂ ಕೈಗೂಡಿಸಬಹುದಾದ ಕೆಲಸ. ಅದು ದಿನಗಟ್ಟಲೆ ನಡೆಯುತ್ತಿತ್ತು. ಹಳೆಯ ದಾರಿಗಳು ಬಾಳಿದುದಕ್ಕೆ ಪೂರ್ವಿಕರ ದೂರದೃಷ್ಟಿಯೇ ಕಾರಣವೆಂದು ಹೊಗಳುವುದು ವಾಡಿಕೆ. ನಮ್ಮ ಮತದಲ್ಲಿ ಅದಕ್ಕಿಂತ ಹೆಚ್ಚಿನ ಕಾರಣ ಪಿಕಾಸಿಯ ಭಾರ.

ಯಂತ್ರಗಳು ಈ ಪ್ರಮಾಣವನ್ನು ತಲೆಕೆಳಗು ಮಾಡಿದವು. ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡನು ೧೯೪೫ರಲ್ಲಿ ತನ್ನ ಉದ್ಯಮವನ್ನು ಆರಂಭಿಸಿ, ೧೯೫೩ರಲ್ಲಿ ಮುಂದೆ ಮಣ್ಣು ತುಂಬುವ ಬಕೇಟು, ಹಿಂದೆ ಅಗೆಯುವ ತೋಳು ಎರಡನ್ನೂ ಒಂದೇ ಟ್ರ್ಯಾಕ್ಟರಿಗೆ ಜೋಡಿಸಿದ ಯಂತ್ರವನ್ನು ಹೊರತಂದನು. ಅವನ ಹೆಸರಿನ ಮೂರು ಮೊದಲಕ್ಷರಗಳು ಇಂದು ಕನ್ನಡದಲ್ಲಿ ಸಾಮಾನ್ಯ ನಾಮಪದವಾಗಿವೆ. ಯಾವ ಕಂಪನಿಯದೇ ಇರಲಿ, ಆ ಜಾತಿಯ ಯಂತ್ರಕ್ಕೆಲ್ಲ ನಮ್ಮ ಜನ ಜೆಸಿಬಿ ಎನ್ನುತ್ತಾರೆ. ಇದೇ ರೀತಿಯಲ್ಲಿ ಪಟ್ಟಿಯ ಮೇಲೆ ನಡೆಯುವ ಅಗೆಯುವ ಯಂತ್ರಕ್ಕೆ ಹಿಟಾಚಿ ಎಂಬ ಹೆಸರು ನಿಂತಿದೆ. ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಉದಾಹರಣೆ. ಜೆಸಿಬಿಯ ತಯಾರಿಕೆ ಭಾರತದಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ೧೯೭೯ರಲ್ಲಿ ಆರಂಭವಾಯಿತು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ೧೯೬೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆ ಬುಲ್‌ಡೋಜರುಗಳನ್ನು ತಯಾರಿಸಿತು. ಅವು ಅಣೆಕಟ್ಟು, ಗಣಿ, ಸೈನ್ಯ ಇವುಗಳಿಗೆ ತಕ್ಕವೇ ಹೊರತು ಹಿತ್ತಿಲಿಗೆ ತಕ್ಕವಾಗಿರಲಿಲ್ಲ.

ಅಂಕೋಲೆ ಕಾರವಾರಗಳ ಜನ ಭಾರಿ ಯಂತ್ರಗಳನ್ನು ಹತ್ತಿರದಿಂದ ಕಂಡುದು ದೊಡ್ಡ ಯೋಜನೆಗಳ ಮೂಲಕ. ಸೀಬರ್ಡ್ ನೌಕಾನೆಲೆಗೆ ೧೯೮೬ರಲ್ಲಿ ಶಂಕುಸ್ಥಾಪನೆಯಾಯಿತು. ೧೯೯೦ರ ದಶಕದಲ್ಲಿ ಕೊಂಕಣ ರೈಲುಮಾರ್ಗ ಈ ತಾಲ್ಲೂಕನ್ನು ಹಾದು ೧೯೯೮ರಲ್ಲಿ ಪೂರ್ಣ ಸಂಚಾರಕ್ಕೆ ತೆರೆಯಿತು. ಬೇಲೆಕೇರಿಯಲ್ಲಿ ೨೦೧೦ರವರೆಗೆ ಬಳ್ಳಾರಿಯ ಕಬ್ಬಿಣದ ಅದಿರಿನ ರಾಶಿಗಳನ್ನು ಯಂತ್ರಗಳೇ ಎತ್ತಿ ಸುರಿದವು. ತರುವಾಯ ಹೆದ್ದಾರಿಯನ್ನು ಚತುಷ್ಪಥ ಮಾಡುವ ಕಾಮಗಾರಿ ಬಂದಿತು. ಅದೇ ಕಾಲದಲ್ಲಿ ಮನೆಗಳ ಮುಂದೆ ಬೈಕು, ರಿಕ್ಷಾ, ಕಾರುಗಳು ನಿಲ್ಲತೊಡಗಿದುವು. ಮೆಟ್ಟಿಲಿದ್ದ ಕಡೆ ಮೂರು ಮೀಟರು ಅಗಲದ ದಾರಿ ಬೇಕಾಯಿತು.

ಇಲ್ಲಿ ಆಯ್ಕೆಯ ಪ್ರಶ್ನೆ ಬರುತ್ತದೆ. ಜೆಸಿಬಿಯ ತೂಕ ಸುಮಾರು ಏಳೂವರೆ ಟನ್ನು, ಅಗಲ ಸುಮಾರು ಎರಡೂಕಾಲು ಮೀಟರು. ಪಾಗಾರಗಳ ನಡುವಿನ ಹಳೆಯ ಓಣಿಗೆ ಇದು ದೊಡ್ಡದು. ಅನೇಕ ಕಡೆ ಪಾಗಾರ ಕೆಡವದೆ ಒಳಗೆ ಬರಲಾರದು. ಇದಕ್ಕಿಂತ ಚಿಕ್ಕ ಯಂತ್ರಗಳು ಹೊರಗಿನ ಪ್ರಪಂಚದಲ್ಲಿ ಬಹು ಹಿಂದೆಯೇ ಬಂದಿದ್ದವು. ಅಮೆರಿಕದ ಮಿನೆಸೋಟದಲ್ಲಿ ಕೆಲರ್ ಸಹೋದರರು ೧೯೫೭ರಲ್ಲಿ ಒಬ್ಬ ಟರ್ಕಿಕೋಳಿ ಸಾಕುವವನ ಕೊಟ್ಟಿಗೆಯನ್ನು ಬಾಚುವುದಕ್ಕಾಗಿ, ನಿಂತಲ್ಲಿಯೇ ತಿರುಗುವ ಸಣ್ಣ ಯಂತ್ರವೊಂದನ್ನು ಕಟ್ಟಿದರು. ಬಾಬ್‌ಕ್ಯಾಟ್ ಎಂದು ಪ್ರಸಿದ್ಧವಾದ ಯಂತ್ರದ ಮೂಲ ಅದು. ೧೯೬೦ರ ದಶಕದ ಕೊನೆ ಮತ್ತು ೧೯೭೦ರ ದಶಕದ ಆರಂಭದಲ್ಲಿ ಜಪಾನಿನ ಇಕ್ಕಟ್ಟಾದ ನಗರಗಳಿಗಾಗಿ ಪಟ್ಟಿಯ ಮೇಲೆ ನಡೆಯುವ ಸಣ್ಣ ಅಗೆಯುವ ಯಂತ್ರಗಳು ತಯಾರಾದುವು. ಒಂದೂವರೆಯಿಂದ ಮೂರೂವರೆ ಟನ್ನಿನ ಈ ಸಣ್ಣ ಹಿಟಾಚಿಗಳಲ್ಲಿ ಚಿಕ್ಕವು ಒಂದೂವರೆ ಮೀಟರು ಓಣಿಯಲ್ಲಿಯೂ ನುಗ್ಗಬಲ್ಲವು. ಪಟ್ಟಿ ಅಗಲವಾಗಿರುವುದರಿಂದ ನೆಲದ ಮೇಲೆ ಅವು ಹಾಕುವ ಒತ್ತಡ ನಿಂತ ಮನುಷ್ಯನ ಪಾದದ ಒತ್ತಡಕ್ಕಿಂತ ಬಹಳ ಹೆಚ್ಚಲ್ಲ.

ಹಾಗಾದರೆ ಹಳ್ಳಿಗಳಲ್ಲಿ ದೊಡ್ಡದೇ ಏಕೆ ಗೆದ್ದಿತು? ಉತ್ತರ ಟೈರಿನಲ್ಲಿದೆ. ಜೆಸಿಬಿ ತನ್ನ ಗಾಲಿಯ ಮೇಲೆಯೇ ಒಂದು ಊರಿಂದ ಇನ್ನೊಂದು ಊರಿಗೆ ಓಡುತ್ತದೆ; ಬೆಳಿಗ್ಗೆ ಒಂದು ಕಡೆ ಬಾವಿಯ ಮಣ್ಣೆತ್ತಿ ಮಧ್ಯಾಹ್ನ ಮತ್ತೊಂದು ಕಡೆ ತೆಂಗಿನ ಬೊಡ್ಡೆ ಕೀಳಬಹುದು. ಪಟ್ಟಿಯ ಯಂತ್ರವನ್ನು ಲಾರಿಯ ಮೇಲೆ ಹೇರಿ ತರಬೇಕು. ಎರಡು ಗಂಟೆಯ ಕೆಲಸಕ್ಕೆ ಸಾಗಣೆಯ ಖರ್ಚೇ ಭಾರವಾಗುತ್ತದೆ. ಯಂತ್ರವನ್ನು ಕೊಳ್ಳುವವನು ಬಾಡಿಗೆಗೆ ಬಿಡುವವನು, ಮನೆಯ ಯಜಮಾನನಲ್ಲ. ಆದುದರಿಂದ ನೆಲಕ್ಕೆ ಯಾವುದು ಹೊಂದುವುದೆಂಬುದಕ್ಕಿಂತ ಬಾಡಿಗೆಗೆ ಯಾವುದು ಹೊಂದುವುದೆಂಬುದೇ ಆಯ್ಕೆಯನ್ನು ನಿರ್ಧರಿಸಿತು. ಬಾಡಿಗೆ ಗಂಟೆಯ ಲೆಕ್ಕದಲ್ಲಿರುವುದರಿಂದ ಇನ್ನೊಂದು ಪರಿಣಾಮವೂ ಆಯಿತು. ಕರೆಸಿದವನಿಗೆ ಆ ಗಂಟೆಯಲ್ಲಿ ಆದಷ್ಟು ಹೆಚ್ಚು ಮಣ್ಣು ತೆಗೆಸಬೇಕೆಂಬ ಆಸೆ. ಎಷ್ಟು ಕಡಿಮೆ ಕಡಿದರೆ ಸಾಕು ಎಂದು ಯೋಚಿಸುವುದಕ್ಕೆ ಗಂಟೆಯ ಲೆಕ್ಕದಲ್ಲಿ ಎಡೆಯಿಲ್ಲ.

ಕಡಿಯುವ ಕೆಲಸಕ್ಕೆ ಹೀಗೆ ಯಂತ್ರ ಬಂದಿತು. ಬಡಿಯುವ ಕೆಲಸಕ್ಕೆ ಬರಲಿಲ್ಲ. ಇದೇ ನಮ್ಮ ವಿವೇಚನೆಯ ತಿರುಳು. ಓರೆಯ ಮೇಲ್ಬದಿಯನ್ನು ಕಡಿದ ಮಣ್ಣನ್ನು ಕೆಳಬದಿಗೆ ಸುರಿದು, ಬಕೇಟಿನ ಬೆನ್ನಿನಿಂದ ಎರಡು ಬಾರಿ ತಟ್ಟಿದರೆ ದಾರಿ ಸಮವಾದಂತೆ ಕಾಣುತ್ತದೆ. ವಾಸ್ತವವಾಗಿ ಸುರಿದ ಮಣ್ಣು ಸಡಿಲವಾಗಿ ಉಬ್ಬಿಕೊಂಡಿರುತ್ತದೆ. ಹದಿನೈದು ಸೆಂಟಿಮೀಟರಿನ ಪದರ ಪದರವಾಗಿ ಹರಡಿ, ಹದವಾಗಿ ನೀರು ಕೊಟ್ಟು ಒತ್ತಿದ ಹೊರತು ಅದು ಕೂರುವುದಿಲ್ಲ. ಹೀಗೆ ಒತ್ತುವುದಕ್ಕೆ ಕೈಯಿಂದ ನಡೆಸುವ ಸಣ್ಣ ಕಂಪನ ರೋಲರುಗಳುಂಟು. ಮನೆಗೆಲಸಕ್ಕೆ ಅವನ್ನು ತರಿಸುವವರು ವಿರಳ. ಹಳೆಯ ದಮ್ಮಸೂ ಹೋಯಿತು, ಹೊಸ ರೋಲರೂ ಬರಲಿಲ್ಲ.

ಇದರ ಫಲ ಮೊದಲ ಮಳೆಗಾಲದಲ್ಲಿಯೇ ಕಾಣುತ್ತದೆ. ಮೂವತ್ತು ಮೀಟರು ಉದ್ದ, ಮೂರು ಮೀಟರು ಅಗಲದ ಒಂದು ಮನೆದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದರ ವಿಸ್ತಾರ ೯೦ ಚದರ ಮೀಟರು. ಈ ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸ್ಥೂಲವಾಗಿ ೩೦೦೦ ಮಿಲಿಮೀಟರು, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ದಾರಿಯೊಂದರ ಮೇಲೆಯೇ ವರ್ಷಕ್ಕೆ ಎರಡು ಲಕ್ಷ ಎಪ್ಪತ್ತು ಸಾವಿರ ಲೀಟರು ನೀರು ಬಿದ್ದಂತಾಯಿತು. ೧೦೦ ಮಿಲಿಮೀಟರು ಮಳೆಯಾದ ದಿನ ಒಂಬತ್ತು ಸಾವಿರ ಲೀಟರು. ಮೇಲಿನ ಗುಡ್ಡದಿಂದ ಇಳಿಯುವ ನೀರು ಇದಕ್ಕೆ ಹೊರತು. ಹೆಚ್ಚು ಮಳೆಯ ಸೀಮೆಯಲ್ಲಿ ಮಣ್ಣಿನ ರಸ್ತೆಗೆ ಇಪ್ಪತ್ತೈದಕ್ಕೆ ಒಂದರಂತೆ ಅಡ್ಡ ಇಳಿಜಾರು ಬೇಕೆಂಬುದು ರಸ್ತೆ ಇಂಜಿನಿಯರುಗಳ ನಿಯಮ. ಮೂರು ಮೀಟರಿನ ದಾರಿಯಾದರೆ ನಡುಭಾಗ ಅಂಚಿಗಿಂತ ಆರು ಸೆಂಟಿಮೀಟರು ಎತ್ತರವಿರಬೇಕು. ಒಂದು ಗೇಣಿಗೂ ಬಹಳ ಕಡಿಮೆಯಾದ ಈ ಎತ್ತರವನ್ನು ಜೆಸಿಬಿಯ ಹಲ್ಲಿನ ಬಕೇಟಿನಿಂದ ಸಾಧಿಸುವುದು ನುರಿತ ಚಾಲಕನಿಗೂ ಪ್ರಯಾಸದ ಕೆಲಸ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಓರೆಯಾಗಿ ತಿರುಗಿಸಬಹುದಾದ ಕಬ್ಬಿಣದ ಹಲಗೆ ಇದನ್ನು ಸುಲಭವಾಗಿ ಮಾಡುತ್ತದೆ. ಅಮೆರಿಕದಲ್ಲಿ ೧೮೮೫ರಷ್ಟು ಹಿಂದೆಯೇ ಜೆ. ಡಿ. ಆಡಮ್ಸನು ಕುದುರೆಗಳು ಎಳೆಯುವ ಗ್ರೇಡರಿನಲ್ಲಿ ಇದೇ ತತ್ತ್ವವನ್ನು ಬಳಸಿದ್ದನು. ಉಳುಮೆಗಾಗಿ ಟ್ರ್ಯಾಕ್ಟರು ಇರುವ ಊರಿನಲ್ಲಿ ಇದಕ್ಕಿಂತ ಅಗ್ಗದ ಉಪಾಯವಿಲ್ಲವೆಂದು ನಮಗೆ ತೋರುತ್ತದೆ.

ಕೊರಕಲು ಬಿದ್ದ ದಾರಿಯನ್ನು ಮತ್ತೆ ಸರಿಮಾಡಬಹುದು. ಕಡಿದ ಗುಡ್ಡದ ವಿಷಯ ಹಾಗಲ್ಲ. ಪಿಕಾಸಿಯವನು ಗಟ್ಟಿ ಚಿರೇಕಲ್ಲಿನ ಪದರದಲ್ಲಿಯೇ ನಿಲ್ಲುತ್ತಿದ್ದನು. ಯಂತ್ರವು ಅರ್ಧ ದಿನದಲ್ಲಿ ಅದನ್ನು ಭೇದಿಸಿ ಶೇಡಿಮಣ್ಣಿಗೆ ತಲುಪುತ್ತದೆ. ಚಿರೇಕಲ್ಲು ನೆಟ್ಟಗೆ ನಿಲ್ಲಬಲ್ಲುದು. ಅದರ ಕೆಳಗಿನ ಮಣ್ಣಿಗೆ ಒಂದು ಮೀಟರು ಎತ್ತರಕ್ಕೆ ಒಂದೂವರೆ ಮೀಟರಿನಷ್ಟು ಓರೆ ಬೇಕಾಗುತ್ತದೆ. ಅಷ್ಟು ಓರೆ ಬಿಟ್ಟರೆ ಅಂಗಳ ಚಿಕ್ಕದಾಗುತ್ತದೆಂದು ನೆಟ್ಟಗೆ ಕಡಿಸುವವರೇ ಹೆಚ್ಚು. ಮೇಲಿನ ಹಕ್ಕಲಿನವನ ಪಾಗಾರ, ಕೆಳಗಿನವನ ಬಾವಿ ಎರಡಕ್ಕೂ ಇದರಿಂದ ಅಪಾಯ. ಗುಡ್ಡದೊಳಗೆ ಇಂಗಿ ನಿಧಾನವಾಗಿ ಬಾವಿಗೆ ಇಳಿಯುತ್ತಿದ್ದ ನೀರು, ಕಡಿದ ಮುಖದಿಂದಲೇ ಹೊರಬಿದ್ದು ಗಟಾರ ಸೇರುತ್ತದೆ. ೨೦೨೪ರ ಜುಲೈ ೧೬ರಂದು ಇದೇ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡದ ಬದಿ ಕುಸಿದು, ರಸ್ತೆಯ ಪಕ್ಕದ ಅಂಗಡಿ ವಾಹನಗಳೊಡನೆ ಗಂಗಾವಳಿ ಹೊಳೆಗೆ ಬಿದ್ದಿತು. ಹಲವರು ಪ್ರಾಣ ಕಳೆದುಕೊಂಡರು. ಹೊಳೆಯ ಆಚೆ ದಡದ ಉಳುವರೆಗೂ ಅದರ ಹೊಡೆತ ತಟ್ಟಿತು. ಹೆದ್ದಾರಿಯ ಕಡಿತಕ್ಕೂ ಮನೆಯ ಹಿಂದಿನ ಎರಡಾಳೆತ್ತರದ ಕಡಿತಕ್ಕೂ ಗಾತ್ರದಲ್ಲಿ ಹೋಲಿಕೆಯಿಲ್ಲ. ಆದರೂ ಮಣ್ಣು ಒಂದೇ, ಮಳೆ ಒಂದೇ. ಮನೆಯ ಹಿಂದಿನ ಕಡಿತಕ್ಕಾದರೋ ಲೆಕ್ಕ ಹಾಕಿ ನೋಡುವ ಇಂಜಿನಿಯರೂ ಇರುವುದಿಲ್ಲ.

ಗಜನಿಯ ಸ್ಥಿತಿ ಇದಕ್ಕೆ ವಿಪರೀತವಾದುದು. ಅಲ್ಲಿನ ಏರಿಯ ಕೆಲಸದಲ್ಲಿ ಏಳೂವರೆ ಟನ್ನಿನ ಗಾಲಿಯಂತ್ರ ಕೆಸರಿನಲ್ಲಿ ಹೂತು ತಾನೇ ಇನ್ನೊಂದು ಯಂತ್ರದ ಸಹಾಯ ಬೇಡುವ ಸಂಭವವಿದೆ. ಪಟ್ಟಿಯ ಸಣ್ಣ ಯಂತ್ರವೇ ಯೋಗ್ಯ. ಏರಿ ಒಬ್ಬನದಲ್ಲ, ಅನೇಕ ಗದ್ದೆಯವರದು. ಲಾರಿಯ ಸಾಗಣೆ ಖರ್ಚು ಹತ್ತು ಮಂದಿಯಲ್ಲಿ ಹಂಚಿಹೋಗುವುದರಿಂದ ಅಲ್ಲಿ ಸರಿಯಾದ ಯಂತ್ರವನ್ನು ತರಿಸುವುದು ಸಾಧ್ಯ. ಮನೆದಾರಿಗೂ ಇದೇ ಮಾರ್ಗವನ್ನು ಅನುಸರಿಸಬಹುದು. ಒಂದು ಕೇರಿಯ ಐದಾರು ಮನೆಯವರು ಕೂಡಿ, ಮಳೆಗಾಲದ ಹಿಂದೆಯೇ ಅಲ್ಲದೆ ಮಳೆ ಕಳೆದು ಮಣ್ಣು ಹದವಾಗಿರುವ ಕಾರ್ತಿಕದ ಹೊತ್ತಿಗೆ, ಮೂರು ಟನ್ನಿನ ಒಂದು ಹಿಟಾಚಿಯನ್ನೂ ಒಂದು ಸಣ್ಣ ರೋಲರನ್ನೂ ಒಂದೇ ಲಾರಿಯಲ್ಲಿ ತರಿಸಿದರೆ ತಲೆಯ ಮೇಲಿನ ಖರ್ಚು ಜೆಸಿಬಿಯ ಬಾಡಿಗೆಯ ಸಮೀಪಕ್ಕೆ ಬರುತ್ತದೆ. ಗಟಾರದ ಕೆಲಸ ಮಾತ್ರ ಗುದ್ದಲಿಗೇ ಬಿಟ್ಟುದು. ನೀರು ಎಲ್ಲಿ ನಿಲ್ಲುವುದೆಂಬುದು ಗುದ್ದಲಿ ಹಿಡಿದು ನಿಂತವನಿಗೆ ಕಾಣುವಂತೆ ಚಾಲಕನ ಆಸನದಿಂದ ಕಾಣುವುದಿಲ್ಲ.

ಇತಿಹಾಸದ ವಿದ್ಯಾರ್ಥಿಗಳಿಗೆ ಕಡೆಯದಾಗಿ ಆಕರಗಳ ಬಗ್ಗೆ ಒಂದು ಸೂಚನೆ. ೧೮೮೩ರ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ರಸ್ತೆಗಳ ವಿವರ ದೊರೆಯುತ್ತದೆ. ಲೋಕಲ್ ಬೋರ್ಡುಗಳ ಕಾಲದ ದಫ್ತರಗಳಲ್ಲಿ ದುರಸ್ತಿಯ ಲೆಕ್ಕ ಹುಡುಕಬಹುದು. ಯಂತ್ರಗಳ ಕಾಲಕ್ಕೆ ಬಂದಾಗ ನಮ್ಮ ಆಕರ ಬೇರೆ ಬಗೆಯದಾಗುತ್ತದೆ. ಪ್ರತಿಯೊಂದು ಯಂತ್ರದಲ್ಲಿಯೂ ಅದು ಓಡಿದ ಗಂಟೆಗಳನ್ನು ದಾಖಲಿಸುವ ಮಾಪಕವಿದೆ. ಬಾಡಿಗೆಯವರ ಬಳಿ ಯಾರ ಮನೆಯಲ್ಲಿ ಎಷ್ಟು ಗಂಟೆ ಎಂದು ಬರೆದಿಟ್ಟ ಚೀಟಿಗಳೂ ವಹಿಗಳೂ ಇರುತ್ತವೆ. ಒಂದು ತಾಲ್ಲೂಕಿನ ಇಂಥ ವಹಿಗಳನ್ನು, ರದ್ದಿಗೆ ಹೋಗುವ ಮೊದಲು, ಯಾವುದಾದರೂ ಕಾಲೇಜಿನ ವಿದ್ಯಾರ್ಥಿಗಳು ಸಂಗ್ರಹಿಸಿದರೆ, ಯಾವ ವರ್ಷ ಯಾವ ಗುಡ್ಡ ಎಷ್ಟು ತಗ್ಗಿತೆಂಬುದನ್ನು ಸರ್ವೆ ನಕ್ಷೆಗಳಿಗಿಂತ ಹೆಚ್ಚು ನಿಖರವಾಗಿ ಬರೆಯಲು ಸಾಧ್ಯವಾದೀತು.